ಮೊಮ್ಮಗನ ವಯಸ್ಸು, ಅಳಿಯನ ಸರದಿ

ಓದುಗರ ಪತ್ರ: ನಾನು ತರೀಕೆರೆ ಕಡೆಯವನು, ನಿವೃತ್ತ ಗಣಿತದ ಮೇಷ್ಟ್ರು. ಮಗಳು, ಅಳಿಯ ನ್ಯೂಜೆರ್ಸಿಯಲ್ಲಿದ್ದಾರೆ. ಅಳಿಯನದು ಎಚ್-1ಬಿ, ಅಂದರೆ ಕೆಲಸದ ವೀಸಾ. ಮಗಳು ಮತ್ತು ದೊಡ್ಡ ಮೊಮ್ಮಗನದು ಎಚ್-4, ಅಂದರೆ ಅಂಥವರ ಹೆಂಡತಿ ಮಕ್ಕಳಿಗೆ ಕೊಡುವ ವೀಸಾ. ಅವನು ಶಿವಮೊಗ್ಗದಲ್ಲಿ ಹುಟ್ಟಿದವನು, ಈಗ 17 ವರ್ಷ. ಚಿಕ್ಕವಳು ಅಲ್ಲೇ ಹುಟ್ಟಿದ್ದಾಳೆ, 9 ವರ್ಷ, ಅಮೆರಿಕದ ಪ್ರಜೆ. 2016ರಲ್ಲೇ ಇಬಿ-2 ಎಂಬ ಸಾಲಿನಲ್ಲಿ ಗ್ರೀನ್ ಕಾರ್ಡಿಗೆ, ಅಂದರೆ ಅಲ್ಲೇ ಕಾಯಂ ಇರುವ ಅನುಮತಿಗೆ, ಹಾಕಿದ್ದಾರಂತೆ. ಇನ್ನೂ ಬಂದಿಲ್ಲ. ಅಷ್ಟು ಓದಿದ ಅಳಿಯನಿಗೆ ಒಂದು ಕಾರ್ಡ್ ಮಾಡಿಸಿಕೊಳ್ಳಲು ಆಗಲಿಲ್ಲವಲ್ಲ ಎಂದು ಬೇಸರ. ಹುಡುಗನಿಗೆ 21 ತುಂಬಿದರೆ ಕಷ್ಟ ಅಂತ ಮಗಳು ಫೋನಿನಲ್ಲಿ ಅಳುತ್ತಾಳೆ. ಅವಳ ಕೆಲಸದ ಕಾರ್ಡಿನದೂ ಏನೋ ತೊಂದರೆ. ಅಳಿಯನ ಕಂಪನಿಯಲ್ಲಿ ಜನರನ್ನು ತೆಗೆಯುತ್ತಿದ್ದಾರಂತೆ. ನಾಲ್ಕು ವರ್ಷದಿಂದ ಊರಿಗೆ ಬಂದಿಲ್ಲ, ನನ್ನ ಎಪ್ಪತ್ತರ ಶಾಂತಿಗೂ ಬರಲಿಲ್ಲ. ಚಿಕ್ಕವಳು ಅಲ್ಲಿನ ಪ್ರಜೆ ತಾನೇ, ಅವಳ ಮೂಲಕ ಉಳಿದವರಿಗೆ ಆಗುವುದಿಲ್ಲವೇ? ಇಲ್ಲಿ ಒಬ್ಬ ಏಜೆಂಟ್ 3 ಲಕ್ಷ ಕೊಟ್ಟರೆ ಬೇಗ ಮಾಡಿಸುತ್ತೇನೆ ಎನ್ನುತ್ತಾನೆ. ನಾನೇನು ಮಾಡಲಿ?

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ಅಳಿಯನ ಮೇಲೆ ಒಂದು ಸಾಲು ಬರೆದಿದ್ದೀರಲ್ಲ, ಮೊದಲು ಅದನ್ನು ಹೊಡೆದುಹಾಕಿ. ಅವರ ಓದಿಗೂ ಈ ತಡಕ್ಕೂ ಸಂಬಂಧವಿಲ್ಲ. ಇದು ಭಾಗಾಕಾರದ ಲೆಕ್ಕ. ನಿಮಗಿಂತ ಚೆನ್ನಾಗಿ ಯಾರಿಗೆ ಅರ್ಥವಾದೀತು?

ನೌಕರಿಯ ಮೂಲಕ ಅಮೆರಿಕ ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡು ಸುಮಾರು 1,40,000. ಇದು 1990ರ ಕಾನೂನು ಹಾಕಿದ ಗೆರೆ. ಅದರಲ್ಲಿ ಹೆಚ್ಚು ಓದಿದ ನೌಕರರ ಸಾಲಾದ ಇಬಿ-2ರ ಪಾಲು ಸುಮಾರು 40,000. ಯಾವ ದೇಶದವರಿಗೂ ಶೇ 7ಕ್ಕಿಂತ ಜಾಸ್ತಿ ಇಲ್ಲ. ಐಸ್‌ಲ್ಯಾಂಡಿಗೂ ಶೇ 7, ನಮಗೂ ಶೇ 7. ಹಾಗಾಗಿ ಭಾರತದ ಇಬಿ-2ಗೆ ಸಿಗುವುದು ಸುಮಾರು 2,800. ಬೇರೆಯವರು ಬಳಸದೆ ಬಿಟ್ಟದ್ದು ಕೆಲವು ವರ್ಷ ನಮ್ಮ ಕಡೆ ಹರಿದು ಬರುತ್ತದೆ, ಅಷ್ಟೇ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಹೆಂಡತಿ ಮಕ್ಕಳ ತಲೆಯೂ ಇದೇ 2,800ರಲ್ಲಿ ಎಣಿಕೆಯಾಗುತ್ತದೆ. ನಿಮ್ಮ ಅಳಿಯನ ಒಂದು ಅರ್ಜಿಗೆ ಮೂರು ಕಾರ್ಡು ಬೇಕು.

2025ರ ಕೊನೆಗೆ ಈ ಸಾಲಿನಲ್ಲಿ 2013ರಲ್ಲಿ ಹಾಕಿದವರ ಸರದಿ ನಡೆದಿತ್ತು. ಅಳಿಯನದು 2016, ಹಾಗಾದರೆ ಇನ್ನು ಮೂರು ವರ್ಷ ತಾನೇ ಎಂದು ಕೂಡಿಸಬೇಡಿ. ಈ ಸಾಲು ವರ್ಷಕ್ಕೆ ಒಂದು ವರ್ಷದಂತೆ ನಡೆಯುವುದಿಲ್ಲ. ಕೆಲವು ತಿಂಗಳು ನಿಂತಲ್ಲೇ ನಿಂತಿರುತ್ತದೆ. ಕೆಲವು ಸಲ ಹಿಂದಕ್ಕೂ ಜಾರುತ್ತದೆ.

ತಮಾಷೆ ಅಂದರೆ, ಇಲ್ಲಿ ದೇಶ ಅಂದರೆ ಪೌರತ್ವದ ದೇಶವಲ್ಲ, ಹುಟ್ಟಿದ ದೇಶ. ಗಂಡ ಹೆಂಡತಿಯಲ್ಲಿ ಒಬ್ಬರು ಹೊರಗೆ ಹುಟ್ಟಿದ್ದರೆ ಇಬ್ಬರೂ ಆ ದೇಶದ ಸಾಲಿಗೆ ಹೋಗಬಹುದು. ಮಂಗಳೂರು ಕಡೆಯ ಹುಡುಗಿ, ಅಪ್ಪ ಕುವೈತಿನಲ್ಲಿದ್ದಾಗ ಅಲ್ಲೇ ಹುಟ್ಟಿದವಳು ಎಂದುಕೊಳ್ಳಿ. ಅವಳನ್ನು ಮದುವೆಯಾದವನಿಗೆ ಕುವೈತಿನ ಸಾಲು ಸಿಗುತ್ತದೆ. ಅಲ್ಲಿ ನೂಕುನುಗ್ಗಲಿಲ್ಲ. ನಮ್ಮ ಕಡೆ ಜಾತಕದಲ್ಲಿ ಹುಟ್ಟಿದ ಊರನ್ನು ನೋಡುತ್ತಾರಲ್ಲ, ಅವರೂ ಅದನ್ನೇ ನೋಡುತ್ತಾರೆ. ನಿಮ್ಮ ಮಗಳು ಹುಟ್ಟಿದ್ದು ತರೀಕೆರೆಯಲ್ಲಿ. ಅದಕ್ಕೇನೂ ಮಾಡುವಂತಿಲ್ಲ.

ಈಗ ಹುಡುಗನ ವಿಷಯ. ನಿಮ್ಮ ಮಗಳು ಅಳುತ್ತಿರುವುದು ಸುಮ್ನೆ ಅಲ್ಲ. ಮಕ್ಕಳು 21ರ ಒಳಗಿದ್ದು ಮದುವೆಯಾಗದೆ ಇದ್ದರೆ ಮಾತ್ರ ಅಪ್ಪನ ಅರ್ಜಿಯಲ್ಲಿ ಸೇರುತ್ತಾರೆ. ಎಚ್-4 ಕೂಡ 21 ತುಂಬಿದ ದಿನ ಮುಗಿಯುತ್ತದೆ. ನಾಲ್ಕೋ ಐದೋ ವಯಸ್ಸಿನಲ್ಲಿ ಹೋಗಿ, ಅಲ್ಲೇ ಓದಿ ಬೆಳೆದ ಹುಡುಗ ಆ ದಿನದಿಂದ ಮನೆಯ ಕಾಗದದಿಂದ ಹೊರಗೆ. ತಂಗಿ ಅಮೆರಿಕದವಳು, ಅಣ್ಣ ಹೊರಗಿನವನು, ಇಬ್ಬರೂ ಒಂದೇ ರೂಮಿನಲ್ಲಿ ಮಲಗುವವರು.

ಆದರೆ ಇಲ್ಲಿ ಒಂದು ಕಳೆಯುವ ಲೆಕ್ಕ ಇದೆ. 2002ರಲ್ಲಿ ಮಕ್ಕಳಿಗಾಗಿ ಬಂದ ಕಾನೂನು ಅದು. ಈ ನೌಕರನಿಗೆ ಗ್ರೀನ್ ಕಾರ್ಡು ಬೇಕು ಎಂದು ಅಳಿಯನ ಕಂಪನಿ ಐ-140 ಎಂಬ ಅರ್ಜಿ ಹಾಕಿರುತ್ತದೆ. ಅದು ಸಲ್ಲಿಕೆಯಾದ ದಿನದಿಂದ ಮಂಜೂರಾದ ದಿನದವರೆಗೆ ಎಷ್ಟು ದಿನ ಹಿಡಿಯಿತೋ ಅಷ್ಟನ್ನು ಹುಡುಗನ ವಯಸ್ಸಿನಿಂದ ಕಳೆಯಬೇಕು. ಎಂಟು ತಿಂಗಳು ಹಿಡಿದಿದ್ದರೆ ಅವನಿಗೆ 21 ವರ್ಷ 8 ತಿಂಗಳವರೆಗೆ ಗಡುವು. ಅಷ್ಟರೊಳಗೆ ಸರದಿ ಬರಬೇಕು. ಬಂದ ಒಂದು ವರ್ಷದೊಳಗೆ ಅವನ ಅರ್ಜಿ ಹೋಗಬೇಕು.

ಇಲ್ಲೊಂದು ವ್ಯಂಗ್ಯ ನೋಡಿ. ಬೇಗ ಆಗಲಿ ಅಂತ ಹೆಚ್ಚಿನ ಫೀಸು ಕಟ್ಟಿ ಪ್ರೀಮಿಯಂ ದಾರಿಯಲ್ಲಿ ಹೋದವರ ಅರ್ಜಿ ಎರಡು ವಾರದಲ್ಲೇ ಮಂಜೂರಾಗಿರುತ್ತದೆ. ಅವರ ಮಕ್ಕಳಿಗೆ ಕಳೆಯಲು ಸಿಗುವುದು ಆ ಎರಡು ವಾರ ಮಾತ್ರ. ತಡವಾದವರ ಮಕ್ಕಳಿಗೆ ತಿಂಗಳುಗಟ್ಟಲೆ ಸಿಗುತ್ತದೆ. ಸರ್ಕಾರಿ ಕಚೇರಿಯ ವಿಳಂಬ ಒಬ್ಬರಿಗೆ ಉಪಯೋಗಕ್ಕೆ ಬರುವುದು ಬಹುಶಃ ಇದೊಂದೇ ಕಡೆ. ನಿಮ್ಮ ಅಳಿಯನನ್ನು ಕೇಳಿ: ಐ-140ರ ಮಂಜೂರಾತಿ ಪತ್ರದಲ್ಲಿ, ಅಂದರೆ ಐ-797ರಲ್ಲಿ, ಅರ್ಜಿ ತಲುಪಿದ ತಾರೀಕು ಯಾವುದು, ಮಂಜೂರಾದ ತಾರೀಕು ಯಾವುದು? ಈ ಎರಡು ತಾರೀಕು ಮತ್ತು ಹುಡುಗನ ಹುಟ್ಟಿದ ದಿನ ಬರೆದಿಟ್ಟುಕೊಂಡರೆ ಅರ್ಧ ಗೊಂದಲ ಹೋಗುತ್ತದೆ.

ಸರದಿ ಬಂತು ಎಂದು ಹೇಳುವುದಕ್ಕೆ ಅಲ್ಲಿ ಪ್ರತಿ ತಿಂಗಳು ಎರಡು ಪಟ್ಟಿ ಪ್ರಕಟವಾಗುತ್ತದೆ. ಒಂದು ಅರ್ಜಿ ಹಾಕಬಹುದಾದವರದು, ಇನ್ನೊಂದು ಕಾರ್ಡು ಸಿಗುವವರದು. ಮೊದಲನೆಯದು ಸ್ವಲ್ಪ ಮುಂದೆ ಇರುತ್ತದೆ. 2023ರ ಫೆಬ್ರವರಿಯಿಂದ ಮಕ್ಕಳ ವಯಸ್ಸಿಗೆ ಆ ಮುಂದಿನ ಪಟ್ಟಿಯನ್ನು ಹಿಡಿಯುತ್ತಿದ್ದರು. 2025ರ ಆಗಸ್ಟ್ 15ರಿಂದ ಹೊಸ ಅರ್ಜಿಗಳಿಗೆ ಮತ್ತೆ ಕಾರ್ಡು ಸಿಗುವವರ ಪಟ್ಟಿಯೇ ಆಧಾರ. ಮಗಳು ಈಚೆಗೆ ಜಾಸ್ತಿ ಅಳುತ್ತಿದ್ದರೆ ಕಾರಣ ಇದೇ ಇರಬೇಕು.

ನನ್ನನ್ನು ಕೇಳಿದರೆ, ಸರದಿ ಬರುತ್ತದೆ ಎಂದು ನಂಬಿ ಕೂರಬಾರದು. ಹುಡುಗನಿಗೆ ಇನ್ನೂ ಮೂರು ಚಿಲ್ಲರೆ ವರ್ಷ ಇದೆ. ಅಲ್ಲಿ ಎಚ್-4ನಲ್ಲೇ ಕಾಲೇಜಿಗೆ ಸೇರಬಹುದು. ಆದರೆ ದುಡಿಯುವ ಹಾಗಿಲ್ಲ, ಕಾಲೇಜಿನ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಕೆಲಸವೂ ಇಲ್ಲ. 21ಕ್ಕೆ ಮೊದಲೇ ವಿದ್ಯಾರ್ಥಿ ವೀಸಾಗೆ, ಅಂದರೆ ಎಫ್-1ಗೆ, ಬದಲಾಯಿಸಲು ಅರ್ಜಿ ಹೋಗಬೇಕು. ಆ ಅರ್ಜಿಯಲ್ಲಿ 'ಓದು ಮುಗಿಸಿ ನನ್ನ ದೇಶಕ್ಕೆ ಮರಳುತ್ತೇನೆ' ಎಂದು ತೋರಿಸಬೇಕು. ಇತ್ತ ಅಪ್ಪನ ಅರ್ಜಿಯಲ್ಲಿ ಅದೇ ಹುಡುಗ 'ಇಲ್ಲೇ ಇರುತ್ತೇನೆ' ಎಂದಿರುತ್ತಾನೆ. ಇಲ್ಲಿ ಮಾತ್ರ ಖಂಡಿತ ವಕೀಲರು ಬೇಕು. ನಾನು ವಕೀಲನಲ್ಲ, ಅವರ ಕಡತವನ್ನೂ ನೋಡಿಲ್ಲ. ವಕೀಲರು ಅಂದರೆ ಕಂಪನಿಯ ವಕೀಲರಲ್ಲ. ಅವರು ಕಂಪನಿಯ ಕೆಲಸ ಮಾಡುವವರು. ಹುಡುಗನ ವಿಷಯಕ್ಕೆ ಬೇರೆಯವರನ್ನು ಒಂದು ಸಲ ದುಡ್ಡು ಕೊಟ್ಟು ಕೇಳುವುದು ಒಳ್ಳೆಯದು.

ಹುಡುಗ ಇಲ್ಲಿಗೆ ಬಂದು ಓದುವುದನ್ನೂ ಲೆಕ್ಕದಿಂದ ಬಿಡಬೇಡಿ. ಅವನ ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟು. ಆದರೆ ಈ ಮಾತು ನಿಮ್ಮ ಬಾಯಿಂದ ಮೊದಲು ಬರುವುದು ಬೇಡ. ಅವನ ಬಾಯಿಂದ ಬರಲಿ.

ಚಿಕ್ಕವಳ ಮೂಲಕ ಆಗುವುದಿಲ್ಲವೇ ಎಂದು ಕೇಳಿದ್ದೀರಿ. ಅಪ್ಪ ಅಮ್ಮನಿಗಾಗಿ ಅರ್ಜಿ ಹಾಕಲು ಅವಳಿಗೂ 21 ತುಂಬಬೇಕು. ಅಂದರೆ ಇನ್ನು 12 ವರ್ಷ. ಅಣ್ಣನಿಗೆ ಹಾಕುವುದಾದರೂ ಆಮೇಲೆಯೇ. ಒಡಹುಟ್ಟಿದವರ ಆ ಸಾಲಿನಲ್ಲಿ ಭಾರತದವರ ಸರದಿ 2025ರ ಕೊನೆಗೆ 2006ರಲ್ಲಿತ್ತು. ಏಜೆಂಟಿನ 3 ಲಕ್ಷದ ಮಾತಿಗೆ ಉತ್ತರ: ಕೊಡಬೇಡಿ. ಸಾಲನ್ನು ಮುಂದೆ ತಳ್ಳುವ ಕೈ ಯಾರಿಗೂ ಇಲ್ಲ. ದುಡ್ಡು ಹೂಡಿ ಹೋಗುವ ಕಾನೂನುಬದ್ಧ ದಾರಿ ಅಂದರೆ ಇಬಿ-5. ಅದಕ್ಕೆ ಕಡಿಮೆ ಅಂದರೂ 8 ಲಕ್ಷ ಡಾಲರ್ ಹೂಡಬೇಕು. ನಿಮ್ಮ ಏಜೆಂಟ್ ರೂಪಾಯಿಯಲ್ಲಿ ಹೇಳುತ್ತಿದ್ದಾನೆ.

ಮಗಳ ಕೆಲಸದ ಕಾರ್ಡನ್ನು ಅಲ್ಲಿ ಇಎಡಿ ಎನ್ನುತ್ತಾರೆ. ಎಚ್-4ನವರಿಗೆ ಮೊದಲು ಇದು ಇರಲೇ ಇಲ್ಲ. ಎಂಜಿನಿಯರ್, ಡಾಕ್ಟರ್ ಓದಿದ ಹೆಣ್ಣುಮಕ್ಕಳು ವರ್ಷಗಟ್ಟಲೆ ಮನೆಯಲ್ಲಿ ಕೂತರು. 2015ರ ಮೇ 26ರಿಂದ, ಗಂಡನ ಐ-140 ಮಂಜೂರಾಗಿದ್ದರೆ ಹೆಂಡತಿ ದುಡಿಯಬಹುದು ಎಂದಾಯಿತು. ಅದನ್ನು ರದ್ದು ಮಾಡಿಸಲು ಹತ್ತು ವರ್ಷ ಕೋರ್ಟಿನಲ್ಲಿ ಹೊಡೆದಾಟ ನಡೆಯಿತು. 2025ರ ಅಕ್ಟೋಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ, ಅಪ್ಪಣೆ ಉಳಿಯಿತು. ಅದೇ ತಿಂಗಳು ಬೇರೆ ಪೆಟ್ಟು ಬಿತ್ತು. ನವೀಕರಣಕ್ಕೆ ಹಾಕಿದವರು ಹೊಸ ಕಾರ್ಡು ಬರುವವರೆಗೆ, ಒಂದು ಮಿತಿಯೊಳಗೆ, ಹಳೆಯದರ ಮೇಲೇ ದುಡಿಯಬಹುದಿತ್ತು. 2025ರ ಅಕ್ಟೋಬರ್ 30ರಿಂದ ಸಲ್ಲಿಸಿದ ಅರ್ಜಿಗಳಿಗೆ ಆ ಅನುಕೂಲ ತೆಗೆದರು. ಕಾರ್ಡು ಮುಗಿದ ದಿನ ಕೆಲಸ ನಿಲ್ಲಬೇಕು. ನಿಮ್ಮ ಮಗಳ ತೊಂದರೆ ಇದೇ ಇರಬಹುದು. ಮುಗಿಯಲು 180 ದಿನ ಇರುವಾಗಲೇ ಅರ್ಜಿ ಹಾಕಲು ಬಿಡುತ್ತಾರೆ. 179ನೇ ದಿನಕ್ಕೆ ಕಾಯುವುದು ಬೇಡ.

ನೀವು ಕೇಳದ ಒಂದು ಮಾತನ್ನೂ ಸೇರಿಸುತ್ತೇನೆ, ಕೋಪ ಬೇಡ. ಎಚ್-4 ಅಂದರೆ ಹೆಂಡತಿಯ ವಾಸ ಪೂರ್ತಿ ಗಂಡನ ಕಾಗದಕ್ಕೆ ಗಂಟು ಹಾಕಿದ್ದು. ನಿಮ್ಮ ಅಳಿಯ ಒಳ್ಳೆಯವರೇ, ಪತ್ರ ಓದಿದರೆ ಗೊತ್ತಾಗುತ್ತದೆ. ಆದರೆ ಈ ಅಂಕಣ ಬೇರೆ ಮನೆಗಳಲ್ಲೂ ಓದುತ್ತಾರೆ. ಪಾಸ್‌ಪೋರ್ಟು, ಅಮೆರಿಕದೊಳಗೆ ಬಂದ ದಾಖಲೆಯಾದ ಐ-94, ಮದುವೆ ನೋಂದಣಿ ಪತ್ರ, ಎಲ್ಲ ಮಂಜೂರಾತಿಗಳ ಪ್ರತಿ, ಇವೆಲ್ಲ ಹೆಣ್ಣುಮಗಳ ಕೈಯಲ್ಲೇ ಇರಬೇಕು. ಗಂಡನ ಬೀರುವಿನಲ್ಲಿ ಅಲ್ಲ. ಹೊಡೆತ ಬಡಿತ ಸಹಿಸಿಕೊಂಡು ವೀಸಾ ಹೋದೀತೆಂದು ಬಾಯಿ ಮುಚ್ಚಿ ಕೂತವರಿಗೂ ಒಂದು ಮಾತು: ಎಚ್-1ಬಿಯವರಿಂದ ದೌರ್ಜನ್ಯಕ್ಕೆ ಒಳಗಾದ ಹೆಂಡತಿಗೆ ತನ್ನದೇ ಕೆಲಸದ ಕಾರ್ಡು ಕೇಳುವ ದಾರಿ ಅಲ್ಲಿನ ಕಾನೂನಿನಲ್ಲಿದೆ. ಅದಕ್ಕೆ ಐ-765ವಿ ಎಂಬ ಬೇರೆ ಅರ್ಜಿಯೇ ಇದೆ.

ಅಳಿಯನ ಕೆಲಸ ಹೋದರೆ? 60 ದಿನದವರೆಗೆ ಸಮಯ ಕೊಡುತ್ತಾರೆ, ಹೆಂಡತಿ ಮಕ್ಕಳಿಗೂ ಅಷ್ಟೇ. ಅಷ್ಟರೊಳಗೆ ಇನ್ನೊಂದು ಕಂಪನಿ ಅರ್ಜಿ ಹಾಕಬೇಕು. ಆದರೆ ಐ-140 ಮಂಜೂರಾಗಿ 180 ದಿನ ದಾಟಿದ್ದರೆ, ಹಳೆ ಕಂಪನಿ ವಾಪಸು ತೆಗೆದುಕೊಂಡರೂ 2016ರ ತಾರೀಕು ಅವರದೇ. ಹೊಸ ಕಂಪನಿ ಕಾಗದದ ಕೆಲಸವನ್ನು ಮೊದಲಿನಿಂದ ಮಾಡಬೇಕು, ಸರದಿ ಮಾತ್ರ ಹಳೆಯದೇ. ರಾತ್ರಿ ನಿದ್ದೆ ಬರದಿದ್ದಾಗ ಇದನ್ನು ನೆನಪು ಮಾಡಿಕೊಳ್ಳಿ.

ಊರಿಗೆ ಬರಲಿಲ್ಲ ಎಂಬ ನೋವು ನನಗೂ ತಟ್ಟಿತು. ಮನಸ್ಸಿಲ್ಲದೆ ಅಲ್ಲ, ಮೇಷ್ಟ್ರೇ. ಅಲ್ಲಿ ಇರಲು ಅನುಮತಿ ಇದ್ದರೂ, ಹೊರಗೆ ಬಂದವರು ವಾಪಸು ಹೋಗಲು ಪಾಸ್‌ಪೋರ್ಟಿನಲ್ಲಿ ಚಾಲ್ತಿ ವೀಸಾ ಬೇಕು. ಅದನ್ನು ಇಲ್ಲಿ ಹಾಕಿಸಿಕೊಳ್ಳಬೇಕು. ಮೊದಲು ಎಷ್ಟೋ ಜನ ಸಂದರ್ಶನವಿಲ್ಲದೆ ಡ್ರಾಪ್‌ಬಾಕ್ಸಿನಲ್ಲಿ ಕಾಗದ ಹಾಕಿ ಮುಗಿಸುತ್ತಿದ್ದರು. 2025ರ ಸೆಪ್ಟೆಂಬರ್ 2ರಿಂದ ಅದು ಇವರಿಗೆ ನಿಂತಿತು. ಡಿಸೆಂಬರ್ 15ರಿಂದ ಎಚ್-1ಬಿ, ಎಚ್-4ನವರ ಸೋಷಿಯಲ್ ಮೀಡಿಯಾ ಖಾತೆಗಳನ್ನೂ ತಡಕಾಡತೊಡಗಿದರು. ಅದರ ಹಿಂದೆಯೇ ಭಾರತದಲ್ಲಿ ಎಷ್ಟೋ ಜನರ ಸಂದರ್ಶನಗಳು ತಿಂಗಳುಗಟ್ಟಲೆ ಮುಂದೆ ಹೋದವು. ಎರಡು ವಾರದ ರಜೆಗೆ ಬಂದವರು ಇಲ್ಲೇ ಸಿಕ್ಕಿಬಿದ್ದರು. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ತೆರೆದಾಗ ಎಲ್ಲರೂ ಖುಷಿಪಟ್ಟೆವು. ಆದರೆ ತೆರೆದಾಗ ಅಲ್ಲಿ ವೀಸಾ ಸೇವೆ ಇರಲಿಲ್ಲ. ನಮ್ಮವರು ಚೆನ್ನೈಗೋ ಹೈದರಾಬಾದಿಗೋ ಓಡುವುದು ತಪ್ಪಲಿಲ್ಲ. ಶಾಂತಿಗೆ ಬಂದು ಕೆಲಸ, ಸಂಬಳ, ಹುಡುಗನ ಶಾಲೆ ಎಲ್ಲ ಕಳೆದುಕೊಂಡು ಕೂತಿದ್ದರೆ ನಿಮಗೇ ಸಂಕಟ ಆಗುತ್ತಿತ್ತು, ಅಲ್ವಾ? ಮೈಯಲ್ಲಿ ಶಕ್ತಿ ಇದ್ದರೆ ನೀವೇ ಒಮ್ಮೆ ಹೋಗಿ ಬನ್ನಿ.

ಇನ್ನು, ನೀವೇನು ಮಾಡಬಹುದು ಎಂಬ ಪ್ರಶ್ನೆ. ಬಹಳ ಮಾಡಬಹುದು, ಅದೂ ಊರಿನಲ್ಲೇ. ಸರದಿ ಬಂದ ದಿನ ಅವರಿಗೆ ಮೊದಲು ಬೇಕಾಗುವುದು ಜನನ ಪ್ರಮಾಣಪತ್ರ. ನಿಮ್ಮ ಮಗಳು ಹುಟ್ಟಿದ ಕಾಲದ ದಾಖಲೆಗಳಲ್ಲಿ ಬಹಳ ಸಲ ಮಗುವಿನ ಹೆಸರೇ ಇರುವುದಿಲ್ಲ, 'ಹೆಣ್ಣು' ಎಂದಷ್ಟೇ ಇರುತ್ತದೆ. ಅಪ್ಪ ಅಮ್ಮನ ಹೆಸರು ಒಂದು ಕಡೆ ಇನಿಷಿಯಲ್ಲಿನಲ್ಲಿ, ಇನ್ನೊಂದು ಕಡೆ ಪೂರ್ತಿ. ಹುಟ್ಟಿದ ತಾರೀಕಿನ ಕಥೆ ನಿಮಗೇ ಗೊತ್ತು. ಶಾಲೆಗೆ ಸೇರಿಸುವಾಗ ಜೂನ್ 1 ಎಂದು ಎಷ್ಟು ಮಕ್ಕಳಿಗೆ ನೀವೇ ಬರೆದಿರಬಹುದು! ಸ್ವಂತ ಮಗಳದು ಸರಿಯಾಗಿ ಬರೆಸಿದ್ದೀರಿ ಎಂದುಕೊಂಡಿದ್ದೇನೆ.

ಪುರಸಭೆಗೆ ಹೋಗಿ ಮಗಳ ದಾಖಲೆ ತೆಗೆಸಿ. ಹೆಸರಿಲ್ಲದಿದ್ದರೆ ಸೇರಿಸಿಕೊಡಲು ಅರ್ಜಿ ಕೊಡಿ. ನೋಂದಣಿಯೇ ಆಗಿಲ್ಲ ಎಂದಾದರೆ, ದಾಖಲೆ ಲಭ್ಯವಿಲ್ಲ ಎಂದು ಅವರಿಂದಲೇ ಬರೆಸಿಕೊಳ್ಳಿ. ಅದರ ಜೊತೆಗೆ ಶಾಲೆಯ ದಾಖಲೆ ಮತ್ತು ಹುಟ್ಟಿದ್ದನ್ನು ಕಂಡ ಹಿರಿಯರ ಅಫಿಡವಿಟ್ ಬೇಕಾಗುತ್ತದೆ. ಆ ಹಿರಿಯರು ಬೇರೆ ಯಾರು, ನೀವೇ. ಮನೆಯವರಲ್ಲಿ ಇನ್ನೊಬ್ಬರಿಂದಲೂ ಮಾಡಿಸಿಡಿ, ಸೋದರತ್ತೆಯೋ ದೊಡ್ಡಮ್ಮನೋ ಇದ್ದರೆ ಈಗಲೇ ಆಗಲಿ. ಹುಡುಗನದನ್ನು ಶಿವಮೊಗ್ಗದಿಂದ ತರಿಸಿ. ಪುರಸಭೆಗೆ ಹೋಗುವಾಗ ಮಗಳ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಪಾಸ್‌ಪೋರ್ಟಿನ ಜೆರಾಕ್ಸ್ ಎರಡೂ ಕೈಯಲ್ಲಿರಲಿ. ಇಂಗ್ಲಿಷ್ ಸ್ಪೆಲಿಂಗ್ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಬರಬೇಕು. ಟೈಪ್ ಮಾಡುವವನ ಪಕ್ಕದಲ್ಲೇ ಕೂತು, ಒಂದೊಂದಕ್ಷರ ನೋಡಿ, ಆಮೇಲೆ ಸಹಿ ಹಾಕಿ.