ನೆಲದಡಿಯ ಊರು ಕೂಬರ್ ಪೀಡಿ: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಓಪಲ್ ರತ್ನದ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆಯುವಾಗ ಆಸ್ಟ್ರೇಲಿಯಾದ ಕೂಬರ್ ಪೀಡಿ ಊರಿನ ಹೆಸರು ಬಂದಿತ್ತು. ಜನ ಅಲ್ಲಿ ನೆಲದ ಕೆಳಗೆ ವಾಸ ಮಾಡುತ್ತಾರೆ ಎಂದು ಒಂದೇ ಸಾಲು ಬರೆದಿದ್ದೆ. ಆ ಸಾಲಿನ ಬಗ್ಗೆಯೇ ಜಾಸ್ತಿ ಪತ್ರಗಳು ಬಂದಿವೆ. ಭೂವಿಜ್ಞಾನ ಕಲಿಸುವ ನನಗೆ ಇದು ಬಹಳ ಇಷ್ಟದ ಊರು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ನೀರಿಲ್ಲದ ಮರುಭೂಮಿಯ ನಡುವೆ ಊರು ಹುಟ್ಟಿದ್ದಾದರೂ ಹೇಗೆ? ಯಾರು ಮೊದಲು ಹೋದದ್ದು?

ನೀವು ನೀರಿನ ಮಾತು ಎತ್ತಿದ್ದು ಒಳ್ಳೆಯದಾಯಿತು. ಈ ಊರಿನ ಕಥೆ ಶುರುವಾಗುವುದೇ ನೀರಿನ ಹುಡುಕಾಟದಿಂದ.

1915ರ ಆರಂಭ. ಜಿಮ್ ಹಚಿಸನ್ ಎಂಬಾತನ ಸಣ್ಣ ತಂಡವೊಂದು ದಕ್ಷಿಣ ಆಸ್ಟ್ರೇಲಿಯಾದ ಒಣ ಬಯಲಿನಲ್ಲಿ ಚಿನ್ನ ಹುಡುಕುತ್ತಿತ್ತು. ಚಿನ್ನ ಸಿಗಲಿಲ್ಲ. ತಂದಿದ್ದ ನೀರೂ ಮುಗಿಯುತ್ತಾ ಬಂತು. ಎಲ್ಲರೂ ನೀರಿನ ಸೆಲೆ ಹುಡುಕಲು ಹೊರಟರು. ಜಿಮ್‌ನ ಮಗ ವಿಲ್ಲಿಗೆ ಆಗ 14 ವರ್ಷ. ಫೆಬ್ರವರಿ 1ರಂದು ಆ ಹುಡುಗನ ಕಣ್ಣಿಗೆ ಬಿದ್ದದ್ದು ನೆಲದ ಮೇಲೆ ಚೆಲ್ಲಿದ್ದ ಓಪಲ್ ಚೂರುಗಳು. ಕೆಲವೇ ದಿನಗಳಲ್ಲಿ ಅಲ್ಲಿ ಮೊದಲ ಗಣಿ ಜಾಗಕ್ಕೆ ಗೂಟ ನೆಟ್ಟರು.

ಆಮೇಲೆ ಬಂದವರಲ್ಲಿ ಎರಡು ಗುಂಪು ಮುಖ್ಯ. ಖಂಡದ ಪೂರ್ವ ಪಶ್ಚಿಮ ಜೋಡಿಸುವ ರೈಲು ಹಳಿಯ ಕೆಲಸ 1917ರಲ್ಲಿ ಮುಗಿದಾಗ ಕೂಲಿಗಳು ಈ ಕಡೆ ಬಂದರು. ಮೊದಲ ಮಹಾಯುದ್ಧ ಮುಗಿಸಿ ಬಂದ ಸೈನಿಕರೂ ಬಂದರು. ಕಂದಕಗಳಲ್ಲಿ ಬದುಕಿ ಅಭ್ಯಾಸವಾಗಿದ್ದ ಈ ಸೈನಿಕರೇ ಗುಡ್ಡದ ಬದಿ ಕೊರೆದು ಮನೆ ಮಾಡುವುದನ್ನು ರೂಢಿಗೆ ತಂದರು ಎನ್ನುತ್ತಾರೆ. ಅಲ್ಲಿ ಮನೆ ಕಟ್ಟಲು ಮರ ಎಲ್ಲಿದೆ? ಗುದ್ದಲಿ ಪಿಕಾಸಿ ಮಾತ್ರ ಎಲ್ಲರ ಕೈಯಲ್ಲೂ ಇತ್ತು.

ಕುಡಿಯುವ ನೀರನ್ನು ದೂರದಿಂದ ಹೊತ್ತು ತರಬೇಕಿತ್ತು. 1920ರ ದಶಕದ ಶುರುವಿನಲ್ಲಿ ಮಳೆನೀರು ಕೂಡಿಸಲು ದೊಡ್ಡ ತೊಟ್ಟಿ ಕಟ್ಟಿದರು. ಮಳೆ ಬಂದರೆ ತಾನೇ ತುಂಬುವುದು! ವಾರಕ್ಕೆ ತಲೆಗೆ ಇಷ್ಟೇ ಎಂದು ಅಳೆದು ಕೊಡುತ್ತಿದ್ದರು. 1930ರ ದಶಕದಲ್ಲಿ ಓಪಲ್ ಬೆಲೆ ಕುಸಿದು ಊರು ಬಹುತೇಕ ಖಾಲಿಯಾಯಿತು.

ಅದನ್ನು ಮತ್ತೆ ಎಬ್ಬಿಸಿದ್ದು ಒಬ್ಬ ಮೂಲನಿವಾಸಿ ಮಹಿಳೆ, ಟೋಟಿ ಬ್ರಯಂಟ್. 1946ರಲ್ಲಿ ಎಯ್ಟ್ ಮೈಲ್ ಎಂಬ ಜಾಗದಲ್ಲಿ ಅವರು ಓಪಲ್ ಕಂಡುಹಿಡಿದರು. ಹತ್ತು ವರ್ಷದ ಬಳಿಕ, 1956ರಲ್ಲಿ, ಅದೇ ಎಯ್ಟ್ ಮೈಲ್‌ನಲ್ಲಿ ಸಿಕ್ಕಿದ ಓಪಲ್ ಗಟ್ಟಿ ಸುಮಾರು 17,000 ಕ್ಯಾರೆಟ್ ತೂಗಿತು. ಆ ವರ್ಷ ಮೆಲ್ಬರ್ನ್‌ನಲ್ಲಿ ಒಲಿಂಪಿಕ್ಸ್ ನಡೆದಿತ್ತು, ಅದಕ್ಕೇ ಆ ಕಲ್ಲಿಗೆ ‘ಒಲಿಂಪಿಕ್ ಆಸ್ಟ್ರೇಲಿಸ್’ ಎಂದು ಹೆಸರು. ವಿಲ್ಲಿಯ ಹೆಸರು ಪ್ರವಾಸಿ ಪುಸ್ತಕಗಳಲ್ಲೆಲ್ಲ ಇದೆ. ಟೋಟಿ ಬ್ರಯಂಟ್ ಹೆಸರೂ ಅಷ್ಟೇ ದೊಡ್ಡದಾಗಿ ಇರಬೇಕು ಎಂದು ನಾನು ಪಟ್ಟು ಹಿಡಿದು ಹೇಳುತ್ತೇನೆ.

1960ರ ದಶಕದಲ್ಲಿ ಗ್ರೀಸ್, ಇಟಲಿ, ಯುಗೊಸ್ಲಾವಿಯಾ ಕಡೆಯಿಂದ ಜನ ಬಂದು ಊರು ತುಂಬಿತು. ಈಗ ಅಲ್ಲಿರುವವರು ಎರಡು ಸಾವಿರಕ್ಕೂ ಕಡಿಮೆ ಜನ, ಆದರೆ ಅವರ ಮೂಲ ಹುಡುಕಿದರೆ ನಲವತ್ತಕ್ಕೂ ಜಾಸ್ತಿ ದೇಶ ಸಿಗುತ್ತವೆ. ನೀರು ಈಗ ಊರಿಂದ ಸುಮಾರು 25 ಕಿ.ಮೀ. ದೂರದ ಬೋರ್‌ವೆಲ್‌ನಿಂದ ಬರುತ್ತದೆ. ಅದು ಉಪ್ಪುನೀರು. ಆರ್‌ಓ ಘಟಕದಲ್ಲಿ ಶುದ್ಧಮಾಡಿ ಮನೆಗಳಿಗೆ ಬಿಡುತ್ತಾರೆ.

ಪ್ರಶ್ನೆ: ನೆಲದ ಕೆಳಗೆ ಉಸಿರು ಕಟ್ಟುವುದಿಲ್ಲವೇ? ಮೇಲಿನ ಬಿಸಿಲು ಅಷ್ಟೊಂದು ಘೋರವೇ?

ಬಿಸಿಲು ಘೋರವೇ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬೇಸಿಗೆ. 40 ಡಿಗ್ರಿ ದಾಟುವುದು ಮಾಮೂಲು, ಕೆಲವು ದಿನ 45ರ ಮೇಲೆ ಹೋಗುತ್ತದೆ. ಧೂಳಿನ ಬಿರುಗಾಳಿಯೂ ಏಳುತ್ತದೆ. ವರ್ಷದ ಮಳೆ ಸುಮಾರು 140 ಮಿ.ಮೀ., ಅಷ್ಟೇ. ಜುಲೈನಲ್ಲಿ ಚಿತ್ರವೇ ಬೇರೆ. ಹಗಲು 18–19 ಡಿಗ್ರಿ, ರಾತ್ರಿ 6ರ ಆಸುಪಾಸು. ಮೋಡವಿಲ್ಲದ ಒಣ ಗಾಳಿ, ಸೂರ್ಯ ಮುಳುಗಿದ ಕೂಡಲೇ ನೆಲ ತಣ್ಣಗಾಗಿಬಿಡುತ್ತದೆ.

ಕೆಳಗಿನ ಮನೆಗಳಲ್ಲಿ ಮಾತ್ರ ವರ್ಷವಿಡೀ 22ರಿಂದ 26 ಡಿಗ್ರಿ. ಕಲ್ಲಿನೊಳಗೆ ಶಾಖ ಬಹಳ ನಿಧಾನ ಇಳಿಯುತ್ತದೆ. ಕೆಲವು ಮೀಟರ್ ಇಳಿಯುವಷ್ಟರಲ್ಲಿ ಮೇಲೆ ಕಾಲವೇ ಬದಲಾಗಿರುತ್ತದೆ. ಹಾಗಾಗಿ ಕೆಳಗೆ ಬೇಸಿಗೆಯೂ ಇಲ್ಲ, ಚಳಿಗಾಲವೂ ಇಲ್ಲ.

ಇವು ಬಾವಿಯಂತೆ ಇಳಿಯುವ ಮನೆಗಳೆಂದು ತಿಳಿಯಬೇಡಿ. ಸಾಮಾನ್ಯವಾಗಿ ಗುಡ್ಡದ ಬದಿಯಲ್ಲಿ ಬಾಗಿಲು ಇರುತ್ತದೆ, ನಡೆದೇ ಒಳಗೆ ಹೋಗುತ್ತೀರಿ. ಅಡುಗೆಮನೆ, ಹಜಾರ, ಮಲಗುವ ಕೋಣೆ, ಎಲ್ಲ ಇರುತ್ತವೆ. ಗಾಳಿಗೆಂದು ಚಾವಣಿಯಿಂದ ಮೇಲಕ್ಕೆ ಕೊಳವೆ ಕೊರೆದಿರುತ್ತಾರೆ. ಕಲ್ಲು ಮೆತ್ತಗಿದ್ದು ಕೊರೆಯಲು ಸುಲಭ, ಆದರೆ ಕಂಬವಿಲ್ಲದೆ ನಿಲ್ಲುವಷ್ಟು ಗಟ್ಟಿ. ಧೂಳು ಉದುರದಂತೆ ಗೋಡೆಗೆ ಅಂಟಿನ ಲೇಪ ಬಳಿಯುತ್ತಾರೆ.

ನಾನು ಅಂಥ ಕೋಣೆಯಲ್ಲಿ ಉಳಿದದ್ದು ಆಗಸ್ಟ್ ತಿಂಗಳಲ್ಲಿ. ಗೋಡೆಯ ಮೇಲೆ ಕೊರೆಯುವ ಯಂತ್ರದ ಹಲ್ಲುಗಳು ಬಿಟ್ಟ ಸುತ್ತು ಸುತ್ತಿನ ಗೀರು ಹಾಗೇ ಇತ್ತು. ಅದರ ನಡುವೆ ಗುಲಾಬಿ, ಬಿಳಿ, ಕಾವಿ ಬಣ್ಣದ ಪದರಗಳು. ದೀಪ ಆರಿಸಿದರೆ ಕೈಯೇ ಕಾಣದಷ್ಟು ಕತ್ತಲೆ, ಒಂದಿಷ್ಟೂ ಸದ್ದಿಲ್ಲ. ಉಸಿರು ಕಟ್ಟಲಿಲ್ಲ. ಚೆನ್ನಾಗಿ ನಿದ್ದೆ ಬಂತು.

ಪ್ರಶ್ನೆ: ಮಗಳು ಅಡಿಲೇಡ್‌ನಲ್ಲಿ ಓದುತ್ತಿದ್ದಾಳೆ. ನಾವು ಹೋದಾಗ ಆ ಊರು ನೋಡಿ ಬರಬಹುದೇ? ಏನೇನು ನೋಡಬೇಕು?

ಖಂಡಿತ ಹೋಗಿ. ಮೇಯಿಂದ ಆಗಸ್ಟ್ ಒಳ್ಳೆಯ ಕಾಲ. ಅಡಿಲೇಡ್‌ನಿಂದ ಉತ್ತರಕ್ಕೆ ಸ್ಟುವರ್ಟ್ ಹೆದ್ದಾರಿಯಲ್ಲಿ ಸುಮಾರು 850 ಕಿ.ಮೀ., ಒಂದು ಪೂರ್ತಿ ಹಗಲಿನ ಪ್ರಯಾಣ. ಗ್ಲೆಂಡಾಂಬೊ ದಾಟಿದ ಮೇಲೆ ಸುಮಾರು 250 ಕಿ.ಮೀ. ಪೆಟ್ರೋಲ್ ಸಿಗುವುದಿಲ್ಲ, ಮೊದಲೇ ತುಂಬಿಸಿಕೊಳ್ಳಿ. ಕುಡಿಯುವ ನೀರು ಬೇಕೆನಿಸಿದ್ದಕ್ಕಿಂತ ಜಾಸ್ತಿ ಇರಲಿ. ಕತ್ತಲಾದ ಮೇಲೆ ಓಡಿಸಬೇಡಿ, ಕಾಂಗರೂಗಳು ದಿಢೀರನೆ ರಸ್ತೆಗೆ ನುಗ್ಗುತ್ತವೆ.

ಮೊದಲು ಓಲ್ಡ್ ಟೈಮರ್ಸ್ ಮೈನ್ ನೋಡಿ. 1916ರ ಗಣಿ ಅದು. ಅಂದಿನವರು ಮುಚ್ಚಿಟ್ಟು ಹೋಗಿದ್ದರು, 1968ರಲ್ಲಿ ಯಾರೋ ಮನೆ ದೊಡ್ಡದು ಮಾಡಲು ಕೊರೆಯುವಾಗ ಆ ಗಣಿಯೊಳಕ್ಕೇ ತೂತು ಬಿತ್ತು. ಗೋಡೆಯಲ್ಲಿ ಓಪಲ್ ಗೆರೆಗಳು ಈಗಲೂ ಕಾಣುತ್ತವೆ. ಬಗ್ಗಿ ನಡೆಯಬೇಕಾದ ಆ ಸುರಂಗ ನೋಡಿದರೆ ಕೈಯಿಂದ ಅಗೆದವರ ಬೆನ್ನು ನೆನೆದು ನಿಜಕ್ಕೂ ಸಂಕಟವಾಗುತ್ತದೆ. ಉಮೂನಾ ವಸ್ತುಸಂಗ್ರಹಾಲಯಕ್ಕೂ ಸಮಯ ಇಟ್ಟುಕೊಳ್ಳಿ. ನೆಲದಡಿಯ ಚರ್ಚುಗಳಲ್ಲಿ ಸರ್ಬಿಯನ್ ಆರ್ಥಡಾಕ್ಸ್ ಚರ್ಚ್ ದೊಡ್ಡದು, ಅದರ ಕಮಾನು ಚಾವಣಿ ನೋಡಲೇಬೇಕು. ಫೇ ಎಂಬ ಮಹಿಳೆ ಇಬ್ಬರು ಗೆಳತಿಯರ ಜೊತೆ ಸೇರಿ 1960ರ ದಶಕದಲ್ಲಿ ಪಿಕಾಸಿ ಹಿಡಿದು ಕೊರೆದ ಮನೆಯೂ ಇದೆ. ಹುಲ್ಲೇ ಇಲ್ಲದ ಗಾಲ್ಫ್ ಮೈದಾನವನ್ನು ಎಲ್ಲರೂ ತೋರಿಸುತ್ತಾರೆ. ಬೇಸಿಗೆಯಲ್ಲಿ ಹೊಳೆಯುವ ಚೆಂಡು ಹಿಡಿದು ರಾತ್ರಿ ಆಡುತ್ತಾರೆ.

ಸಂಜೆ ಮಾತ್ರ ಊರೊಳಗೆ ಇರಬೇಡಿ. ಸುಮಾರು 30 ಕಿ.ಮೀ. ಉತ್ತರಕ್ಕೆ ಕಂಕು ಬ್ರೇಕ್‌ಅವೇಸ್ ಎಂಬ ಗುಡ್ಡಗಳಿವೆ. ಇಳಿಬಿಸಿಲಿನಲ್ಲಿ ಒಂದು ಗುಡ್ಡ ಕೆಂಪು, ಪಕ್ಕದ್ದು ಅಚ್ಚ ಬಿಳಿ. ಸುತ್ತಲಿನ ಬಯಲಿನಲ್ಲಿ ಹಳೆಯ ಸಮುದ್ರದ ಚಿಪ್ಪುಗಳ ಕಲ್ಲಚ್ಚು ಸಿಕ್ಕಿವೆ. ಅಲ್ಲೇ ಹತ್ತಿರ ಡಿಂಗೋ ನಾಯಿಗಳನ್ನು ಕುರಿಗಳಿಂದ ದೂರ ಇಡಲು ಕಟ್ಟಿದ ಬೇಲಿ ಹಾದುಹೋಗುತ್ತದೆ. ಅದರ ಒಟ್ಟು ಉದ್ದ 5,600 ಕಿ.ಮೀ.

ಮಕ್ಕಳಿದ್ದರೆ ಒಂದು ಎಚ್ಚರಿಕೆ. ಗಣಿ ಬಯಲಿನಲ್ಲಿ ಬಾಯ್ತೆರೆದ ಗುಂಡಿಗಳು ಲೆಕ್ಕವಿಲ್ಲದಷ್ಟು, ಕೆಲವು ಬಹಳ ಆಳ. ಫೋಟೊ ತೆಗೆಯಲು ಹಿಂದೆ ಹಿಂದೆ ಹೆಜ್ಜೆ ಇಡಬೇಡಿ. ಮಣ್ಣುಗುಡ್ಡೆ ಕೆದಕಿ ಓಪಲ್ ಚೂರು ಹುಡುಕಲು ಊರೊಳಗೆ ಬೇರೆ ಜಾಗವೇ ಇದೆ, ಅದಕ್ಕೆ ‘ನೂಡ್ಲಿಂಗ್’ ಎನ್ನುತ್ತಾರೆ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ದೊಡ್ಡ ಕಂಪನಿಗಳು ಬಂದು ಅಲ್ಲಿಯ ಜನರನ್ನು ಎಬ್ಬಿಸಲಿಲ್ಲವೇ? ಮೂಲನಿವಾಸಿಗಳ ಗತಿ ಏನಾಯಿತು?

ಓಪಲ್ ವಿಷಯದಲ್ಲಿ ಕಂಪನಿಗಳ ಕೈ ಮೇಲಾಗಲಿಲ್ಲ. ಪರವಾನಗಿ ಪಡೆದವರಿಗೆ ಸಾಮಾನ್ಯವಾಗಿ ಸಿಗುವುದು 50 ಮೀಟರ್‌ಗೆ 50 ಅಥವಾ 100 ಮೀಟರ್‌ನ ತುಂಡು ಜಾಗ. ಎಲ್ಲಿ ಸಿಗುತ್ತದೆಂದು ಮೊದಲೇ ಹೇಳಲೂ ಆಗದ ಕಲ್ಲು. ಆದ್ದರಿಂದ ಇದು ಇಬ್ಬರು ಮೂವರು ಪಾಲುದಾರರ ಕೆಲಸವಾಗಿಯೇ ಉಳಿದಿದೆ. ಒಂದು ಕೊರೆಯುವ ಯಂತ್ರ, ಮಣ್ಣು ಹೀರಿ ಮೇಲೆ ಎಸೆಯುವ ‘ಬ್ಲೋಯರ್’ ಲಾರಿ, ಬಾಕಿ ಎಲ್ಲ ತಾಳ್ಮೆ.

ಆದರೆ ಈ ನೆಲ ಆಂತಕಿರಿಂಜ ಮಟು-ಯಂಕುನಿಟ್ಜಟ್ಜರ ಜನರದು. ಅವರ ಹಕ್ಕನ್ನು ನ್ಯಾಯಾಲಯ ಒಪ್ಪಿದ್ದು 2011ರಲ್ಲಿ, ಎಷ್ಟು ತಡವಾಗಿ ನೋಡಿ. ಅದಕ್ಕೂ ಮುಂಚೆ, 1953ರಲ್ಲಿ, ಬ್ರಿಟಿಷರು ಪಶ್ಚಿಮದ ಎಮು ಫೀಲ್ಡ್ ಬಯಲಿನಲ್ಲಿ ಅಣುಬಾಂಬ್ ಸಿಡಿಸಿದರು. ತಮ್ಮ ಮೇಲೆ ಕಪ್ಪು ಮಂಜಿನ ಹಾಗೆ ಏನೋ ಹಾದುಹೋಯಿತು, ಜನ ಕಾಯಿಲೆ ಬಿದ್ದರು ಎಂದು ಅಲ್ಲಿಯ ಹಿರಿಯರು ಹೇಳುತ್ತಾ ಬಂದಿದ್ದಾರೆ.

1998ರಲ್ಲಿ ಕೇಂದ್ರ ಸರ್ಕಾರ ಅದೇ ಮರುಭೂಮಿಯಲ್ಲಿ ಅಣುತ್ಯಾಜ್ಯ ಹೂಳಲು ಹೊರಟಾಗ ಎದ್ದು ನಿಂತವರು ಕೂಬರ್ ಪೀಡಿಯ ಅಜ್ಜಿಯರು. ಅವರ ಸಂಘದ ಹೆಸರು ಕುಪ ಪಿಟಿ ಕುಂಗ್ಕ ಟ್ಜುಟ. ಪತ್ರ ಬರೆದರು, ನಗರಗಳಿಗೆ ಹೋಗಿ ಮಾತಾಡಿದರು, ನೆಲದಡಿಯ ನೀರಿಗೆ ವಿಷ ಸೇರುತ್ತದೆ ಎಂದು ಪದೇ ಪದೇ ಹೇಳಿದರು. 2003ರಲ್ಲಿ ಅವರಲ್ಲಿ ಐಲೀನ್ ಕಂಪಕುಟ ಬ್ರೌನ್ ಮತ್ತು ಐಲೀನ್ ವಾನಿ ವಿಂಗ್‌ಫೀಲ್ಡ್ ಅವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. 2004ರಲ್ಲಿ ಸರ್ಕಾರ ಆ ಯೋಜನೆ ಕೈಬಿಟ್ಟಿತು. ಈ ಊರಿನಲ್ಲಿ ನನಗೆ ಅತಿ ಹೆಮ್ಮೆ ಅನಿಸುವ ಸಂಗತಿ ಇದೇ. ನೀವು ಹೋದಾಗ ಅವರ ಬಗ್ಗೆ ಕೇಳಿ, ಜನ ಹೇಳುತ್ತಾರೆ.

ಪ್ರಶ್ನೆ: ಓಪಲ್‌ಗೆ ಬಣ್ಣ ಬರುವುದು ಹೇಗೆ? ಅಲ್ಲಿ ಕೊಂಡರೆ ಮೋಸ ಹೋಗುತ್ತೇವೆಯೇ?

ಸುಮಾರು 11 ಕೋಟಿ ವರ್ಷದ ಹಿಂದೆ ಅಲ್ಲೆಲ್ಲ ಸಮುದ್ರವಿತ್ತು. ಸಮುದ್ರ ಹಿಂದೆ ಸರಿದು ಬಹಳ ಕಾಲ ಕಳೆದ ಮೇಲೆ ಕಲ್ಲು ಸವೆಯಿತು. ಅದರಿಂದ ಕರಗಿದ ಸಿಲಿಕಾ ನೀರಿನೊಡನೆ ಇಳಿದು ಬಿರುಕುಗಳಲ್ಲಿ ನಿಂತಿತು, ಸತ್ತ ಜಲಚರಗಳ ಎಲುಬಿನ ಜಾಗದಲ್ಲೂ ತುಂಬಿತು. ಇಡೀ ಎಲುಬಿನ ಹಂದರವೇ ಓಪಲ್ ಆಗಿರುವ ‘ಎರಿಕ್’ ಎಂಬ ಸಮುದ್ರ ಸರೀಸೃಪ ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಂನಲ್ಲಿದೆ. ಓಪಲ್ ಒಳಗೆ ಸಿಲಿಕಾದ ಅತಿ ಸೂಕ್ಷ್ಮ ಗುಂಡುಗಳು ಸಾಲಾಗಿ ಜೋಡಣೆಯಾಗಿರುತ್ತವೆ. ಆ ಸಾಲುಗಳು ಬೆಳಕನ್ನು ಬಿಡಿಸುವುದರಿಂದಲೇ ಬಣ್ಣ. 1960ರ ದಶಕದಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಇದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು. ಈಗಲೂ ಆ ಕಲ್ಲಿನೊಳಗೆ ಒಂದಿಷ್ಟು ನೀರು ಇದ್ದೇ ಇರುತ್ತದೆ.

ಕೊಳ್ಳುವಾಗ ಇದು ಇಡೀ ಕಲ್ಲೇ, ಡಬ್ಲೆಟ್ಟೇ, ಟ್ರಿಪ್ಲೆಟ್ಟೇ ಎಂದು ನೇರ ಕೇಳಿ, ಬಿಲ್‌ನಲ್ಲಿ ಬರೆಸಿಕೊಳ್ಳಿ. ಡಬ್ಲೆಟ್ ಅಂದರೆ ತೆಳು ಓಪಲ್ ಪದರದ ಕೆಳಗೆ ಬೇರೆ ಕಲ್ಲು ಅಂಟಿಸಿದ್ದು. ಟ್ರಿಪ್ಲೆಟ್‌ನಲ್ಲಿ ಮೇಲೂ ಪಾರದರ್ಶಕ ಹೊದಿಕೆ ಇರುತ್ತದೆ. ಬದಿಯಿಂದ ನೋಡಿದರೆ ನೇರ ಗೆರೆಯಂತೆ ಅಂಟು ಕಾಣುತ್ತದೆ. ಇವು ನಕಲಿ ಅಲ್ಲ, ಕಡಿಮೆ ಬೆಲೆಗೆ ಸಿಗುತ್ತವೆ ಅಷ್ಟೇ. ಆದರೆ ಇವನ್ನು ನೀರಲ್ಲಿ ನೆನೆಸಬಾರದು, ಅಂಟು ಬಿಡುತ್ತದೆ. ಆಭರಣದ ಅಂಚು ಕಲ್ಲಿನ ಬದಿಯನ್ನು ಮುಚ್ಚಿದ್ದರೆ, ಬಿಡಿ ಕಲ್ಲು ತೋರಿಸಿ ಎಂದು ಕೇಳಲು ಸಂಕೋಚ ಬೇಡ.