ತುಟಿ ಚುರುಗುಟ್ಟಿದ ಮೊದಲ ಗಂಟೆಯಲ್ಲೇ ಹಚ್ಚಬೇಕು

ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಅಮೆರಿಕಕ್ಕೆ ಬಂದು ವರ್ಷವಾಯಿತು, ಚಳಿ ಶುರುವಾದಾಗಿಂದ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ತುಟಿಯ ಅಂಚಿನಲ್ಲಿ ನೀರುಗುಳ್ಳೆ ಏಳುತ್ತಿದೆ, ಡಾಕ್ಟರ ಚೀಟಿ ಇಲ್ಲದೆ ಸಿಗುವ ಅಬ್ರೀವಾ ಅನ್ನುವ ಕ್ರೀಮ್ ಎರಡು ಟ್ಯೂಬ್ ಮುಗಿಸಿದರೂ ಗುಣ ಕಾಣಲಿಲ್ಲ, ಊರಿಂದ ಅಸೈಕ್ಲೋವಿರ್ ಕ್ರೀಮ್ ತರಿಸಲೇ ಅಂತ ಕೇಳಿದ್ದೀರಿ. ಮುಂದಿನ ತಿಂಗಳು ಅಕ್ಕನ ಮಗುವಿನ ನಾಮಕರಣ, ಅಷ್ಟರೊಳಗೆ ಇದು ಹೋಗಬೇಕು ಅಂತ ಕೊನೆಯಲ್ಲಿ ಬರೆದಿದ್ದೀರಿ. ಆ ಕೊನೆಯ ಸಾಲಿಗಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ಡಾಕ್ಟರ್ ಅಲ್ಲ. ಹಾಸನದ ಕಡೆಯವಳು, 11 ವರ್ಷದಿಂದ ಇಂಗ್ಲೆಂಡಿನಲ್ಲಿದ್ದೇನೆ. ಸೆಕೆಂಡ್ ಪಿಯುಸಿ ಪರೀಕ್ಷೆಯ ಹೊತ್ತಿಗೆ ನನಗೆ ಮೊದಲ ಸಲ ಈ ಗುಳ್ಳೆ ಬಂತು. ಅಜ್ಜಿ ನೋಡಿ, "ಒಳಜ್ವರ ಕಣೇ, ಹೊರಗೆ ಬಂದಿದೆ, ಒಳ್ಳೇದೇ ಆಯ್ತು" ಅಂದು ತುಪ್ಪ ಹಚ್ಚಿದರು. ಪಕ್ಕದ ಮನೆಯವರು ರಾತ್ರಿ ಹಲ್ಲಿ ಉಚ್ಚೆ ಹೊಯ್ದಿದೆ ಅಂದರು. ಅಪ್ಪ ಬಿ ಕಾಂಪ್ಲೆಕ್ಸ್ ಮಾತ್ರೆ ತಂದುಕೊಟ್ಟರು. ಹತ್ತು ದಿನಕ್ಕೆ ತಾನಾಗಿಯೇ ಹೋಯಿತು. ಮೂರರಲ್ಲಿ ಯಾವುದು ಕೆಲಸ ಮಾಡಿತು ಅಂತ ಮನೆಯಲ್ಲಿ ಒಂದು ವಾರ ಚರ್ಚೆ ನಡೆಯಿತು. ನಿಜ ಹೇಳಬೇಕೆಂದರೆ ಮೂರೂ ಅಲ್ಲ. ಏನೂ ಮಾಡದಿದ್ದರೂ ಇದು ಏಳರಿಂದ ಹತ್ತು ದಿನದಲ್ಲಿ ಒಣಗಿ ಹೋಗುತ್ತದೆ. ಆದ್ದರಿಂದಲೇ ಯಾವ ಮದ್ದು ಹಚ್ಚಿದರೂ ಅದೇ ಗುಣ ಮಾಡಿತು ಅಂತ ನಮಗೆ ಅನ್ನಿಸಿಬಿಡುತ್ತದೆ.

ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ನಿಮಗೆ ಬರುತ್ತಿರುವುದು ತುಟಿಯ ಹೊರ ಅಂಚಿನಲ್ಲಿ, ಗುಂಪು ಗುಂಪಾಗಿ ಸಣ್ಣ ನೀರುಗುಳ್ಳೆ, ಆಮೇಲೆ ಒಡೆದು ಜೇನಿನ ಬಣ್ಣದ ಹಕ್ಕಳೆ ಕಟ್ಟುತ್ತದೆ ಅಂದರೆ ಇದು ಹರ್ಪಿಸ್ ಸಿಂಪ್ಲೆಕ್ಸ್ ಒಂದು ಅನ್ನುವ ವೈರಸ್. ಕೆನ್ನೆಯ ಒಳಗೆ, ನಾಲಿಗೆಯ ಮೇಲೆ ಬಿಳಿಯಾಗಿ ಬರುವ ಬಾಯಿಹುಣ್ಣು ಬೇರೆ. ಅದು ವೈರಸ್ ಅಲ್ಲ, ಅಂಟುವುದಿಲ್ಲ, ಅದಕ್ಕೆ ಈ ಕ್ರೀಮ್ ಹಚ್ಚಲೂಬಾರದು. ಬಾಯಿಯ ಎರಡೂ ಮೂಲೆ ಬಿರಿದು ಉರಿಯುವುದು ಇನ್ನೊಂದು. ಅದಕ್ಕೆ ಫಂಗಸ್ಸೋ ರಕ್ತಹೀನತೆಯೋ ಕಾರಣ ಇರಬಹುದು, ಅದನ್ನು ಡಾಕ್ಟರೇ ನೋಡಬೇಕು. ನಮ್ಮಲ್ಲಿ ಮೂರಕ್ಕೂ ಸೇರಿಸಿ "ಬಾಯಿ ಹುಣ್ಣಾಗಿದೆ" ಅಂದುಬಿಡುತ್ತೇವೆ. ಔಷಧಿ ತಪ್ಪುವುದು ಅಲ್ಲೇ.

ಹರ್ಪಿಸ್ ಅನ್ನುವ ಹೆಸರು ಓದಿ ಗಾಬರಿಯಾಗಬೇಡಿ. ನಾನೂ ಆ ಹೆಸರು ಮೊದಲು ಓದಿದಾಗ ಒಂದು ರಾತ್ರಿ ನಿದ್ದೆ ಮಾಡಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 50 ವರ್ಷದೊಳಗಿನವರಲ್ಲಿ ನೂರಕ್ಕೆ 64 ಜನರ ಮೈಯಲ್ಲಿ ಈ ವೈರಸ್ ಇದೆ. ಹೆಚ್ಚಿನವರಿಗೆ ಚಿಕ್ಕಂದಿನಲ್ಲೇ, ಯಾರೋ ದೊಡ್ಡವರು ಪ್ರೀತಿಯಿಂದ ಕೊಟ್ಟ ಮುತ್ತಿನಿಂದ ಬಂದಿರುತ್ತದೆ. ಎಷ್ಟೋ ಜನರಿಗೆ ಜೀವಮಾನದಲ್ಲಿ ಒಂದು ಗುಳ್ಳೆಯೂ ಏಳುವುದಿಲ್ಲ. ನಿಮಗೆ, ನನಗೆ ಏಳುತ್ತದೆ, ಅಷ್ಟೇ ವ್ಯತ್ಯಾಸ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಒಮ್ಮೆ ಮೈ ಸೇರಿದ ವೈರಸ್ ತುಟಿಯಲ್ಲಿ ಕೂತಿರುವುದಿಲ್ಲ. ಮುಖದ ನರದ ಜಾಡು ಹಿಡಿದು ತಲೆಬುರುಡೆಯ ತಳದಲ್ಲಿರುವ ಒಂದು ನರದ ಗಂಟಿಗೆ ಹೋಗಿ ಮಲಗಿಬಿಡುತ್ತದೆ. ಜ್ವರ, ನಿದ್ದೆಗೇಡು, ಜಾಸ್ತಿ ಬಿಸಿಲು, ಚಳಿಗಾಳಿ, ಮುಟ್ಟಿನ ದಿನಗಳು, ಮನಸ್ಸಿನ ಒತ್ತಡ, ಇವುಗಳಲ್ಲಿ ಯಾವುದೋ ಒಂದು ಅದನ್ನು ಎಬ್ಬಿಸುತ್ತದೆ. ಆಗ ಅದೇ ನರ ಹಿಡಿದು ಮತ್ತೆ ತುಟಿಗೆ ಇಳಿಯುತ್ತದೆ. ಹಾಗಾಗಿ ಪ್ರತಿಸಲ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಏಳುತ್ತದೆ. ತುಟಿಗೆ ಹಚ್ಚುವ ಯಾವ ಕ್ರೀಮೂ ಆ ಗಂಟಿನವರೆಗೆ ಮುಟ್ಟುವುದಿಲ್ಲ. ಬೇರು ಕಿತ್ತುಹಾಕುವ ಔಷಧಿ ಇದುವರೆಗೆ ಇಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ತುಂಬಾ ವರ್ಷ ಬೇಕಾಯಿತು.

ಈಗ ನಿಮ್ಮ ಅಬ್ರೀವಾ ವಿಚಾರ. ಅದರಲ್ಲಿರುವುದು ಡೊಕೊಸನಾಲ್ ಅನ್ನುವ ಔಷಧಿ, ನೂರಕ್ಕೆ ಹತ್ತರಷ್ಟು. 2000ದಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಅದು ವೈರಸ್ಸನ್ನು ಕೊಲ್ಲುವುದಿಲ್ಲ. ವೈರಸ್ ನಮ್ಮ ಜೀವಕೋಶದ ಹೊರಪೊರೆಗೆ ಬೆಸೆದುಕೊಂಡು ಒಳಗೆ ನುಗ್ಗುತ್ತದಲ್ವಾ, ಆ ಬೆಸುಗೆಯನ್ನು ತಡೆಯುತ್ತದೆ. ಅಂದರೆ ಬಾಗಿಲಲ್ಲಿ ತಡೆಯುವ ಕೆಲಸ. ಆಗಲೇ ಒಳಗೆ ನುಗ್ಗಿದ ವೈರಸ್‌ಗೆ ಅದು ಏನೂ ಮಾಡಲಾರದು. 700ಕ್ಕೂ ಹೆಚ್ಚು ಜನರ ಮೇಲೆ ನಡೆದ ಪರೀಕ್ಷೆಯಲ್ಲಿ, ಶುರುವಿನಲ್ಲೇ ಹಚ್ಚಿದವರಿಗೆ ಸುಮಾರು ನಾಲ್ಕು ದಿನಕ್ಕೆ ವಾಸಿಯಾಯಿತು. ಔಷಧಿ ಇಲ್ಲದ ಕ್ರೀಮ್ ಹಚ್ಚಿದವರಿಗಿಂತ 18 ಗಂಟೆ ಬೇಗ. ಹೌದು, 18 ಗಂಟೆ. ಒಂದು ದಿನವೂ ಪೂರ್ತಿ ಇಲ್ಲ.

ಅಸೈಕ್ಲೋವಿರ್ ದಾರಿ ಬೇರೆ. ನನಗೆ ಇದರ ಮೇಲೆ ವಿಶೇಷ ಪ್ರೀತಿ. ಅದು ಜೀವಕೋಶದ ಒಳಗೆ ಸುಮ್ನೆ ಬಿದ್ದಿರುತ್ತದೆ. ಅಲ್ಲಿ ವೈರಸ್ ಇದ್ದರೆ, ವೈರಸ್ಸಿನದೇ ಒಂದು ಕಿಣ್ವ ಇದನ್ನು ಎಬ್ಬಿಸುತ್ತದೆ. ಎದ್ದ ಮೇಲೆ ಅದು ವೈರಸ್ ತನ್ನ ನಕಲು ಮಾಡಿಕೊಳ್ಳುವುದನ್ನೇ ನಿಲ್ಲಿಸುತ್ತದೆ. ವೈರಸ್ ಇಲ್ಲದ ಕೋಶಕ್ಕೆ ಹೆಚ್ಚಿನ ತೊಂದರೆ ಇಲ್ಲ. ಇಂಥ ಔಷಧಿ ಸಾಧ್ಯ ಅಂತ ತೋರಿಸಿಕೊಟ್ಟ ತಂಡದ ಹಿಂದೆ ಇದ್ದವರು ಗರ್ಟ್ರೂಡ್ ಎಲಿಯನ್ ಅನ್ನುವ ಅಮೆರಿಕದ ವಿಜ್ಞಾನಿ. ಅಜ್ಜ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಆಕೆಗೆ 15 ವರ್ಷ, ಆಗಲೇ ಔಷಧಿ ಹುಡುಕುವ ಕೆಲಸ ಮಾಡಬೇಕು ಅಂತ ನಿರ್ಧರಿಸಿದವರು. ಓದಿ ಪಿಎಚ್‌ಡಿ ಮಾಡಲು ಆಗಲಿಲ್ಲ. ಆದರೂ 1988ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಟ್ಯೂಬ್ ಕೈಗೆ ತೆಗೆದುಕೊಂಡಾಗೆಲ್ಲ ಆಕೆಯ ನೆನಪಾಗುತ್ತದೆ.

ಆದರೆ ಔಷಧಿ ಎಷ್ಟು ಚೆನ್ನಾಗಿದ್ದರೂ ಕ್ರೀಮ್ ರೂಪದಲ್ಲಿ ಚರ್ಮದ ಆಳಕ್ಕೆ ಇಳಿಯುವುದು ಕಡಿಮೆ. ಅಸೈಕ್ಲೋವಿರ್ ಕ್ರೀಮ್‌ನ ದೊಡ್ಡ ಪರೀಕ್ಷೆಗಳಲ್ಲೂ ಉಳಿತಾಯ ಆಗಿದ್ದು ಸುಮಾರು ಅರ್ಧ ದಿನ. ಹಾಗಾಗಿ ಊರಿಂದ ತರಿಸಿದ ಟ್ಯೂಬ್ ನಿಮ್ಮ ಕೈಯಲ್ಲಿರುವ ಟ್ಯೂಬ್‌ಗಿಂತ ದೊಡ್ಡ ಪವಾಡವನ್ನೇನೂ ಮಾಡುವುದಿಲ್ಲ. ಇಲ್ಲಿ ಇಂಗ್ಲೆಂಡಿನಲ್ಲಿ ಅಸೈಕ್ಲೋವಿರ್ ಕ್ರೀಮ್ ಸೂಪರ್ ಮಾರ್ಕೆಟ್ಟಿನಲ್ಲೂ ಸಿಗುತ್ತದೆ. ನಿಮ್ಮಲ್ಲಿ ಅದಕ್ಕೆ ಡಾಕ್ಟರ ಚೀಟಿ ಬೇಕು. ಪಾರ್ಸೆಲ್‌ನಲ್ಲಿ ಔಷಧಿ ತರಿಸಿ ಕಸ್ಟಮ್ಸ್‌ನವರ ಜೊತೆ ಒದ್ದಾಡುವುದು ಬೇಡ.

ಹಾಗಾದರೆ ಕ್ರೀಮ್ ದಂಡವೇ? ಅಲ್ಲ. ನನ್ನ ಅನುಭವದಲ್ಲಿ ಎಲ್ಲಾ ಇರುವುದು ಯಾವ ಟ್ಯೂಬ್ ಅನ್ನುವುದರಲ್ಲಿ ಅಲ್ಲ, ಯಾವಾಗ ಹಚ್ಚಿದಿರಿ ಅನ್ನುವುದರಲ್ಲಿ. ನೀವು ಬರೆದಿದ್ದೀರಿ, "ಗುಳ್ಳೆ ಕಂಡ ತಕ್ಷಣ ಅಂಗಡಿಗೆ ಹೋಗಿ ತಂದೆ" ಅಂತ. ಗುಳ್ಳೆ ಕಣ್ಣಿಗೆ ಕಂಡಿತು ಅಂದರೆ ಆಗಲೇ ತಡವಾಗಿದೆ. ಗುಳ್ಳೆಗೆ ಮುಂಚೆ, ಕೆಲವು ಗಂಟೆಗಳಿಂದ ಒಂದು ದಿನದವರೆಗೆ, ಆ ಜಾಗ ಚುರುಚುರು ಅನ್ನುತ್ತದೆ. ಕೆಲವರಿಗೆ ಜುಮ್ಮೆನ್ನುತ್ತದೆ, ಕೆಲವರಿಗೆ ನವೆ, ನನಗಂತೂ ಚರ್ಮ ಬಿಗಿದು ಯಾರೋ ಒಳಗಿಂದ ಎಳೆದ ಹಾಗೆ ಆಗುತ್ತದೆ. ಕನ್ನಡಿಯಲ್ಲಿ ಏನೂ ಕಾಣುವುದಿಲ್ಲ. ವೈರಸ್ ಭರದಿಂದ ಬೆಳೆಯುತ್ತಿರುವುದು ಆಗಲೇ. ಆ ಗಂಟೆಯಲ್ಲೇ ಹಚ್ಚಬೇಕು. ಹಕ್ಕಳೆ ಕಟ್ಟಿದ ಮೇಲೆ ವೈರಸ್ಸಿನ ಭರ ಇಳಿದಿರುತ್ತದೆ. ಆಮೇಲೆ ಮಾಯಿಸುವುದು ನಿಮ್ಮ ದೇಹವೇ, ಕ್ರೀಮ್ ಚರ್ಮ ಬಿರಿಯದಂತೆ ಮೆತ್ತಗೆ ಇಡುತ್ತದೆ ಅಷ್ಟೇ.

ಅದಕ್ಕೇ ನಾನು ಮೂರು ಟ್ಯೂಬ್ ಇಟ್ಟುಕೊಂಡಿದ್ದೇನೆ. ಒಂದು ಹಾಸಿಗೆ ಪಕ್ಕ, ಒಂದು ಕೈಚೀಲದಲ್ಲಿ, ಒಂದು ಆಫೀಸಿನ ಡ್ರಾಯರ್‌ನಲ್ಲಿ. ಚುರು ಅಂದ ತಕ್ಷಣ ಕೈ ತೊಳೆದು, ಹತ್ತಿಕಡ್ಡಿಯ ತುದಿಗೆ ತೆಗೆದುಕೊಂಡು, ಮೆತ್ತಗೆ ಒತ್ತುತ್ತೇನೆ. ಉಜ್ಜುವುದಿಲ್ಲ, ಉಜ್ಜಿದರೆ ಪಕ್ಕಕ್ಕೆ ಹರಡುತ್ತದೆ. ಆಮೇಲೆ ಮತ್ತೆ ಕೈ ತೊಳೆಯುತ್ತೇನೆ. ದಿನಕ್ಕೆ ಐದು ಸಲ. ಬೆಳಗ್ಗೆ 7, 11, ಮಧ್ಯಾಹ್ನ 3, ಸಂಜೆ 7, ರಾತ್ರಿ 11 ಅಂತ ಮೊಬೈಲಿನಲ್ಲಿ ಅಲಾರಂ ಇಟ್ಟಿದ್ದೇನೆ. ಮೂರು ಸಲ ಹಚ್ಚಿ ಎರಡು ಸಲ ಮರೆತರೆ ಆ ಅರ್ಧ ದಿನದ ಲಾಭವೂ ಹೋಯಿತು. ಊಟವಾದ ಮೇಲೆ ಹಚ್ಚಿ, ಮುಂಚೆ ಹಚ್ಚಿದರೆ ಸಾರಿನ ಜೊತೆ ಹೊಟ್ಟೆಗೆ ಹೋಗುತ್ತದೆ. ಹೀಗೆ ಮಾಡಿದಾಗ ಎಷ್ಟೋ ಸಲ ನನಗೆ ದೊಡ್ಡ ಗುಳ್ಳೆ ಎದ್ದಿಲ್ಲ, ಸಣ್ಣದಾಗಿ ಕೆಂಪಾಗಿ ಇಳಿದುಹೋಗಿದೆ. ಪ್ರತಿಸಲ ಅಲ್ಲ. ಹತ್ತು ದಿನ ಕಳೆದರೂ ಮಾಯದಿದ್ದರೆ ಕ್ರೀಮ್ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ.

ಒಂದು ತಪ್ಪನ್ನು ಮಾತ್ರ ಮಾಡಬೇಡಿ. ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್ ಹತ್ತಿರದ ಒಂದು ಮೆಡಿಕಲ್ ಶಾಪಿನಲ್ಲಿ ತುಟಿ ತೋರಿಸಿ ಏನಾದರೂ ಕೊಡಿ ಅಂದೆ. ತುರಿಕೆ, ಕಜ್ಜಿ, ಗಾಯ ಎಲ್ಲಕ್ಕೂ ಆಗುತ್ತೆ ಅಂತ ಒಂದು ಕ್ರೀಮ್ ಕೊಟ್ಟರು. ಅದರಲ್ಲಿ ಸ್ಟೀರಾಯ್ಡ್ ಇತ್ತು. ಮೊದಲ ದಿನ ಕೆಂಪು ಇಳಿಯಿತು, ಖುಷಿಯಾಯಿತು. ಮೂರನೇ ದಿನಕ್ಕೆ ಗುಳ್ಳೆ ಗಲ್ಲದವರೆಗೆ ಹಬ್ಬಿತ್ತು. ಸ್ಟೀರಾಯ್ಡ್ ಆ ಜಾಗದಲ್ಲಿ ದೇಹದ ಕಾವಲನ್ನೇ ತಗ್ಗಿಸುತ್ತದೆ, ವೈರಸ್‌ಗೆ ದಾರಿ ಸಲೀಸಾಗುತ್ತದೆ. ಮೂರು ವಾರ ಮುಖ ಮುಚ್ಚಿಕೊಂಡು ಕ್ಲಾಸಿಗೆ ಹೋದೆ. ಮನೆಯಲ್ಲಿ ಊರಿಂದ ತಂದ ಹಳೇ ಟ್ಯೂಬ್ ಇದ್ದರೆ ಅದರ ಮೇಲೆ ಏನು ಬರೆದಿದೆ ಅಂತ ಓದದೆ ತುಟಿಗೆ ಮುಟ್ಟಿಸಬೇಡಿ.

ಜೇನುತುಪ್ಪದ ಬಗ್ಗೆ ಕೇಳಿದ್ದೀರಿ. ನ್ಯೂಜಿಲೆಂಡಿನಲ್ಲಿ 952 ಜನರ ಮೇಲೆ ಅಲ್ಲಿಯ ಕನುಕಾ ಗಿಡದ, ಔಷಧಿಗೆಂದೇ ಶುದ್ಧ ಮಾಡಿದ ಜೇನಿನ ಕ್ರೀಮನ್ನೂ ಅಸೈಕ್ಲೋವಿರ್ ಕ್ರೀಮನ್ನೂ ಹೋಲಿಸಿ ನೋಡಿದರು. ಎರಡರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಅಡುಗೆಮನೆಯ ಜೇನು ಅದಕ್ಕೆ ಸಮ ಅಲ್ಲ. ಐಸ್ ಬಟ್ಟೆಯಲ್ಲಿ ಸುತ್ತಿ ಇಟ್ಟರೆ ನೋವು ಕಡಿಮೆ ಆಗುತ್ತದೆ, ಅದನ್ನು ಮಾಡಿ. ಬಿಸಿಲಿಗೆ, ಹಿಮದ ಮೇಲೆ ಬಿದ್ದು ಹೊಳೆಯುವ ಬಿಸಿಲಿಗೂ, ಎಸ್‌ಪಿಎಫ್ 30 ಇರುವ ಲಿಪ್ ಬಾಮ್ ಹಚ್ಚಿ. ಚಳಿಗಾಲದಲ್ಲಿ ನನಗೆ ಕ್ರೀಮ್‌ಗಿಂತ ಜಾಸ್ತಿ ಉಪಕಾರ ಆಗಿದ್ದು ಅದರಿಂದ.

ತಿಂಗಳಿಗೊಮ್ಮೆ ಅನ್ನುವುದು ಜಾಸ್ತಿಯೇ ಆಯಿತು. ಇಷ್ಟು ಸಲ ಬರುವವರು ಕ್ರೀಮ್ ನಂಬಿ ಕೂರಬಾರದು. ವಲಸೈಕ್ಲೋವಿರ್ ಅನ್ನುವ ಮಾತ್ರೆ ಇದೆ, ಅಸೈಕ್ಲೋವಿರ್‌ನದೇ ಇನ್ನೊಂದು ರೂಪ, ಹೊಟ್ಟೆಯಿಂದ ರಕ್ತಕ್ಕೆ ಚೆನ್ನಾಗಿ ಸೇರುತ್ತದೆ. ಚುರುಗುಟ್ಟಿದ ತಕ್ಷಣ ಒಂದು ಸಲ, 12 ಗಂಟೆ ಬಿಟ್ಟು ಇನ್ನೊಂದು ಸಲ, ಒಂದೇ ದಿನದಲ್ಲಿ ಕೋರ್ಸ್ ಮುಗಿಯುತ್ತದೆ. ಅಮೆರಿಕದಲ್ಲಿ 2002ರಿಂದ ತುಟಿಯ ಗುಳ್ಳೆಗೆ ಅದನ್ನು ಕೊಡುತ್ತಿದ್ದಾರೆ. ಪದೇ ಪದೇ ಬರುವವರಿಗೆ ಕೆಲವು ತಿಂಗಳು ದಿನಾ ತೆಗೆದುಕೊಳ್ಳಲು ಬರೆದುಕೊಡುವುದೂ ಉಂಟು. ಕಿಡ್ನಿ ತೊಂದರೆ ಇದ್ದರೆ, ಬಸುರಿಯಾಗಿದ್ದರೆ ಮೊದಲೇ ಹೇಳಬೇಕು. ಇದೇ ವಾರ ಡಾಕ್ಟರಿಗೆ ಫೋನ್ ಮಾಡಿ. "ಚೀಟಿ ಮುಂಚೆಯೇ ಬರೆದುಕೊಡಿ, ಮಾತ್ರೆ ಮನೆಯಲ್ಲಿ ಇಟ್ಟುಕೊಂಡಿರುತ್ತೇನೆ" ಅಂತ ಕೇಳಿ. ಗುಳ್ಳೆ ಎದ್ದ ಮೇಲೆ ಅಪಾಯಿಂಟ್‌ಮೆಂಟ್ ಹುಡುಕಿದರೆ ಆ ಗಂಟೆ ಕಳೆದುಹೋಗಿರುತ್ತದೆ. ಕಣ್ಣು ಕೆಂಪಾಗಿ ನೋವಾದರೆ, ಬೆಳಕು ನೋಡಲು ಕಷ್ಟವಾದರೆ ಕಾಯಬೇಡಿ, ಅವತ್ತೇ ಹೋಗಿ. ಈ ವೈರಸ್ ಕಣ್ಣಿಗೆ ಹತ್ತಿದರೆ ದೃಷ್ಟಿಗೇ ಕುತ್ತು. ಗುಳ್ಳೆ ಮುಟ್ಟಿದ ಕೈಯಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳಬೇಡಿ.

ಇನ್ನು ಮಗುವಿನ ವಿಚಾರ. ಹುಟ್ಟಿದ ಮೊದಲ ಕೆಲವು ವಾರಗಳ ಮಗುವಿಗೆ ಈ ವೈರಸ್ ತಗುಲಿದರೆ ಅದು ಬರೀ ತುಟಿಯ ಗುಳ್ಳೆಯಾಗಿ ಉಳಿಯುವುದಿಲ್ಲ. ಯಕೃತ್ತಿಗೆ, ಮೆದುಳಿಗೆ ಹರಡಿ ಪ್ರಾಣಕ್ಕೇ ಬರಬಹುದು. ಅಪರೂಪ, ಆದರೆ ಆದಾಗ ತುಂಬಾ ಭೀಕರ. ಗುಳ್ಳೆ ಇದ್ದರೆ ಮಗುವಿಗೆ ಮುತ್ತು ಬೇಡವೇ ಬೇಡ. ಹಕ್ಕಳೆ ಬಿದ್ದು ಕೆಳಗೆ ಹೊಸ ಚರ್ಮ ಬರುವವರೆಗೆ ಅಂಟುತ್ತದೆ. ಕೆಲವೊಮ್ಮೆ ಗುಳ್ಳೆ ಇಲ್ಲದಾಗಲೂ ಎಂಜಲಿನಲ್ಲಿ ವೈರಸ್ ಇರುತ್ತದೆ, ಆದ್ದರಿಂದ ನಾನಂತೂ ಹಸುಗೂಸುಗಳಿಗೆ ಯಾವಾಗಲೂ ಮುತ್ತು ಕೊಡುವುದಿಲ್ಲ, ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇನೆ. ನಮ್ಮಜ್ಜಿ ಎಂಜಲು ಅಂತ ಎಷ್ಟು ಕಟ್ಟುನಿಟ್ಟು ಮಾಡುತ್ತಿದ್ದರು! ಲೋಟ ಕಚ್ಚಿ ಕುಡಿಯಬಾರದು, ಎತ್ತಿ ಕುಡಿಯಬೇಕು. ಒಬ್ಬರ ಚಮಚ ಇನ್ನೊಬ್ಬರು ಮುಟ್ಟಬಾರದು. ನಾಮಕರಣದ ದಿನ ಅದನ್ನೇ ಪಾಲಿಸಿ. ಟವೆಲ್, ಲಿಪ್ ಬಾಮ್ ಬೇರೆ ಇಟ್ಟುಕೊಳ್ಳಿ, ಗುಳ್ಳೆ ಇದ್ದರೆ ಮಾಸ್ಕ್ ಹಾಕಿ, ಮಗುವನ್ನು ಎತ್ತಿಕೊಳ್ಳುವ ಮುಂಚೆ ಕೈ ತೊಳೆಯಿರಿ.

ಅಕ್ಕನಿಗೆ ಇವತ್ತೇ ಫೋನ್ ಮಾಡಿ ಹೇಳಿ. ಮುಚ್ಚಿಟ್ಟುಕೊಂಡು ಹೋದರೆ, ಎಲ್ಲರೆದುರಿಗೆ ಮಗುವನ್ನು ನಿಮ್ಮ ಕೆನ್ನೆಗೆ ಒತ್ತಿದಾಗ ಬೇಡ ಅನ್ನುವುದು ಕಷ್ಟ. ಮೊದಲೇ ತಿಳಿದಿದ್ದರೆ ಅವರೇ ನಿಮ್ಮ ಪರವಾಗಿ "ಅವಳಿಗೆ ಹುಷಾರಿಲ್ಲ, ಆಮೇಲೆ ಎತ್ತಿಕೊಳ್ತಾಳೆ" ಅಂದುಬಿಡುತ್ತಾರೆ. ಮಗು ಹಾಲು ಕುಡಿಯದೆ ಮಂಕಾದರೆ, ಜ್ವರ ಬಂದರೆ, ಮೈಮೇಲೆ ಗುಳ್ಳೆ ಕಂಡರೆ ನೇರ ಆಸ್ಪತ್ರೆಗೆ ಹೋಗಬೇಕು, ತುಟಿಗುಳ್ಳೆ ಇದ್ದವರು ಮನೆಗೆ ಬಂದಿದ್ದರು ಅಂತ ಅಲ್ಲಿ ತಿಳಿಸಬೇಕು ಅಂತಲೂ ಅಕ್ಕನಿಗೆ ಹೇಳಿಡಿ. ಮಾತ್ರೆಯ ಚೀಟಿ ಸಿಕ್ಕಿತಾ ಅಂತ ಇಲ್ಲೇ ಕೆಳಗೆ ಬರೆಯಿರಿ, ನಾನು ನೋಡುತ್ತಿರುತ್ತೇನೆ.