ಕೆಆರ್‌ಎಸ್ ನೀರಿನ ಮಟ್ಟದ ಗೆರೆ ಗ್ರಾಫ್‌ನಲ್ಲಿ ತಳಕ್ಕೆ ಅಂಟಿಕೊಂಡಿದೆ, ಸ್ಕೇಲ್ ಸರಿ ಮಾಡೋದು ಹೇಗೆ?

ನೀವು ಕೇಳಿದ್ದು ಇಷ್ಟು: ಕೆಆರ್‌ಎಸ್‌ನ ಒಂದು ವರ್ಷದ ನೀರಿನ ಮಟ್ಟ, ಒಳಹರಿವು ಎರಡನ್ನೂ ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ಒಂದೇ ಲೈನ್ ಚಾರ್ಟ್‌ಗೆ ಹಾಕಿದ್ದೀರಿ. ಮಟ್ಟದ ಗೆರೆ ತಳದಲ್ಲಿ ಮಲಗಿದೆ. ತಾರೀಕುಗಳು ಒಂದರ ಮೇಲೊಂದು ಬಿದ್ದಿವೆ. ಫಾಂಟ್ ಎಷ್ಟು ದೊಡ್ಡದು ಮಾಡಿದರೂ ಕನ್ನಡ ಅಕ್ಷರ ಹಾಗೇ ಇದೆ. ಮೂರಕ್ಕೂ ದಾರಿ ಇದೆ.

ಮಟ್ಟ ಅಡಿಯಲ್ಲಿದೆ, ಅಣೆಕಟ್ಟು ಪೂರ್ತಿ ತುಂಬಿದರೂ 124.80. ಒಳಹರಿವು ಕ್ಯೂಸೆಕ್‌ನಲ್ಲಿದೆ (ಸೆಕೆಂಡಿಗೆ ಎಷ್ಟು ಘನ ಅಡಿ ಅನ್ನುವ ಲೆಕ್ಕ), ಜೋರು ಮಳೆಯ ದಿನ ಅದು ಲಕ್ಷ ಮುಟ್ಟುತ್ತದೆ. ಅಡಿ ಯಾವುದು, ಕ್ಯೂಸೆಕ್ ಯಾವುದು ಅಂತ ಕ್ಯಾಲ್ಕ್‌ಗೆ ಗೊತ್ತಾಗಲ್ಲ. ಇರುವುದರಲ್ಲಿ ದೊಡ್ಡ ಅಂಕಿ ಹಿಡಿಸುವ ಹಾಗೆ ವೈ ಆಕ್ಸಿಸ್ ಎಳೆದುಬಿಡುತ್ತದೆ. ಲಕ್ಷದ ಸ್ಕೇಲ್‌ನಲ್ಲಿ 90 ಅಡಿಯೂ 120 ಅಡಿಯೂ ಕಣ್ಣಿಗೆ ಒಂದೇ.

ಸುಲಭದ ದಾರಿ: ಮೊದಲು ಚಾರ್ಟ್ ಮೇಲೆ ಡಬಲ್ ಕ್ಲಿಕ್ ಮಾಡಿ. ಇದು ಮಾಡದೆ ಹೋದರೆ ಮುಂದಿನ ಮೆನುಗಳು ಕಾಣಿಸುವುದೇ ಇಲ್ಲ. ಆಮೇಲೆ ಮಟ್ಟದ ಗೆರೆಯ ಮೇಲೆ ರೈಟ್ ಕ್ಲಿಕ್, ಫಾರ್ಮ್ಯಾಟ್ ಡೇಟಾ ಸೀರೀಸ್, ಆಪ್ಷನ್ಸ್ ಟ್ಯಾಬ್, ಅಲ್ಲಿ ಸೆಕೆಂಡರಿ ವೈ ಆಕ್ಸಿಸ್. ಬಲಗಡೆ ಇನ್ನೊಂದು ಆಕ್ಸಿಸ್ ಬರುತ್ತದೆ, ಗೆರೆ ಮೇಲೇಳುತ್ತದೆ.

ಆದರೆ ನಾನು ಹಾಗೆ ಮಾಡಲ್ಲ. ಎರಡು ಆಕ್ಸಿಸ್ ಇರುವ ಗ್ರಾಫ್‌ನಲ್ಲಿ ಎರಡು ಗೆರೆ ಎಲ್ಲೋ ಒಂದು ಕಡೆ ದಾಟುತ್ತವೆ. ನೋಡಿದವರು ಆ ದಿನ ಏನೋ ಆಗಿದೆ ಅಂದುಕೊಳ್ಳುತ್ತಾರೆ. ಬಲಗಡೆ ಸ್ಕೇಲ್ ಸ್ವಲ್ಪ ಬದಲಿಸಿದರೆ ಸಾಕು, ದಾಟುವ ದಿನವೇ ಬದಲಾಗುತ್ತದೆ. ಅದಕ್ಕೇ ಎರಡು ಚಾರ್ಟ್ ಮಾಡಿ: ಮೇಲೆ ಒಳಹರಿವು, ಕೆಳಗೆ ಮಟ್ಟ. ಎರಡಕ್ಕೂ ಎಕ್ಸ್ ಆಕ್ಸಿಸ್‌ನ ಶುರು, ಕೊನೆ ತಾರೀಕು ಒಂದೇ ಇರಲಿ, ಅಗಲವೂ ಒಂದೇ ಇರಲಿ. ಮೇಲೆ ನೀರು ನುಗ್ಗಿದ ದಿನವೇ ಕೆಳಗೆ ಮಟ್ಟ ಏರಿದ್ದು ನೇರವಾಗಿ ಕಾಣುತ್ತದೆ.

ಈಗ ಸ್ಕೇಲ್. ವೈ ಆಕ್ಸಿಸ್ ಮೇಲೆ ರೈಟ್ ಕ್ಲಿಕ್, ಫಾರ್ಮ್ಯಾಟ್ ಆಕ್ಸಿಸ್, ಸ್ಕೇಲ್ ಟ್ಯಾಬ್. ಮಿನಿಮಮ್, ಮ್ಯಾಕ್ಸಿಮಮ್ ಪಕ್ಕದ ಆಟೊಮ್ಯಾಟಿಕ್ ಟಿಕ್ ತೆಗೆದರೆ ನಿಮ್ಮ ಅಂಕಿ ಹಾಕಬಹುದು. ಮಟ್ಟಕ್ಕೆ 70ರಿಂದ 125 ಹಾಕಿ ನೋಡಿ. ಗ್ರಾಫ್ ಸೊನ್ನೆಯಿಂದಲೇ ಶುರುವಾಗಬೇಕು ಅಂತ ಯಾರಾದರೂ ಹೇಳಬಹುದು. ಇಲ್ಲಿ ಅದೇ ತಪ್ಪು ದಾರಿಗೆ ಎಳೆಯುತ್ತದೆ. ಸೊನ್ನೆಯಿಂದ ಎಳೆದರೆ 100 ಅಡಿ ಇರುವಾಗ ಅಣೆಕಟ್ಟು ಶೇ 80ರಷ್ಟು ತುಂಬಿದೆ ಅನ್ನಿಸುತ್ತದೆ. ನಿಜಕ್ಕೂ ಆಗ ಅರ್ಧದಷ್ಟು ನೀರೂ ಇರುವುದಿಲ್ಲ! ಜಲಾಶಯ ಮೇಲೆ ಹೋದಂತೆ ಅಗಲವಾಗುತ್ತದೆ, ಹಾಗಾಗಿ ಮೇಲಿನ ಒಂದು ಅಡಿಯಲ್ಲಿ ಹಿಡಿಯುವ ನೀರು ತಳದ ಒಂದು ಅಡಿಗಿಂತ ಎಷ್ಟೋ ಜಾಸ್ತಿ.

ಎಷ್ಟು ನೀರು ಉಳಿದಿದೆ ಅಂತ ತೋರಿಸುವುದು ನಿಮ್ಮ ಉದ್ದೇಶವಾದರೆ ಅಡಿ ಬಿಡಿ, ನೀರಿನ ಪ್ರಮಾಣ ಹೇಳುವ ಟಿಎಂಸಿ (ನೂರು ಕೋಟಿ ಘನ ಅಡಿ) ಕಾಲಂ ತೆಗೆದುಕೊಳ್ಳಿ. ಅದಕ್ಕೆ ಮಾತ್ರ ಮಿನಿಮಮ್ 0 ಇರಲೇಬೇಕು, ಮ್ಯಾಕ್ಸಿಮಮ್ 49.45, ಅಂದರೆ ಪೂರ್ತಿ ಸಾಮರ್ಥ್ಯ. ಆಗ ಗೆರೆ ಅರ್ಧಕ್ಕೆ ಇಳಿದರೆ ನೀರೂ ಅರ್ಧಕ್ಕೆ ಇಳಿದಿದೆ ಅಂತಲೇ ಅರ್ಥ. ಬೇಸಿಗೆಯಲ್ಲಿ ಜನ ಇದನ್ನೇ ನೋಡಿ ಕುಡಿಯುವ ನೀರಿನ ಲೆಕ್ಕ ಹಾಕುತ್ತಾರೆ, ಹಾಗಾಗಿ ಈ ಸ್ಕೇಲ್ ವಿಷಯದಲ್ಲಿ ದಯವಿಟ್ಟು ರಾಜಿ ಮಾಡಿಕೊಳ್ಳಬೇಡಿ.

ಒಳಹರಿವಿನದು ಬೇರೆ ಕಥೆ. ಬೇಸಿಗೆಯಲ್ಲಿ ನೂರರ ಲೆಕ್ಕ, ಮಳೆಗಾಲದಲ್ಲಿ ಸಾವಿರ, ಲಕ್ಷದ ಲೆಕ್ಕ. ಮಾಮೂಲಿ ಸ್ಕೇಲ್‌ನಲ್ಲಿ ಬೇಸಿಗೆಯ ತಿಂಗಳುಗಳೆಲ್ಲ ಸೊನ್ನೆ ಥರ ಕಾಣುತ್ತವೆ. ಅದೇ ಟ್ಯಾಬ್‌ನಲ್ಲಿ ಲಾಗರಿದಮಿಕ್ ಸ್ಕೇಲ್ ಟಿಕ್ ಮಾಡಿ, ಮಿನಿಮಮ್ 100 ಕೊಡಿ. ಈಗ 200ರಿಂದ 400ಕ್ಕೆ ಏರಿದ್ದೂ 20,000ದಿಂದ 40,000ಕ್ಕೆ ಏರಿದ್ದೂ ಒಂದೇ ಎತ್ತರ ಕಾಣುತ್ತದೆ. ಮುಂಗಾರಿನ ಮೊದಲ ಏರಿಕೆ ಗೊತ್ತಾಗುವುದು ಇದರಲ್ಲೇ. ಲಾಗ್ ಸ್ಕೇಲ್‌ನಲ್ಲಿ ಸೊನ್ನೆಗೆ ಜಾಗ ಇಲ್ಲ, ಹಾಗಾಗಿ ಒಳಹರಿವು 0 ಅಂತ ಬರೆದ ದಿನಗಳಿದ್ದರೆ ಮೊದಲೇ ನೋಡಿಕೊಳ್ಳಿ.

ಪ್ರವಾಹದ ದಿನಗಳನ್ನಷ್ಟೇ ತೋರಿಸುವುದಾದರೆ ಮಾಮೂಲಿ ಸ್ಕೇಲೇ ಇರಲಿ, ಆದರೆ ಮೇಜರ್ ಇಂಟರ್ವಲ್ ಜಾಗದಲ್ಲಿ 11,574 ಹಾಕಿ. ಒಂದು ದಿನಕ್ಕೆ 86,400 ಸೆಕೆಂಡ್. ಅಷ್ಟು ಹೊತ್ತು 11,574 ಕ್ಯೂಸೆಕ್ ಹರಿದರೆ ನೂರು ಕೋಟಿ ಘನ ಅಡಿ, ಅಂದರೆ ಒಂದು ಟಿಎಂಸಿ. ಪ್ರತಿ ಅಡ್ಡಗೆರೆಯೂ ದಿನಕ್ಕೆ ಒಂದು ಟಿಎಂಸಿ ಅಂತ ಪಕ್ಕದಲ್ಲಿ ಬರೆದರೆ ಓದುವವರಿಗೆ ಕ್ಯೂಸೆಕ್ ಲೆಕ್ಕ ಬಿಡಿಸುವ ತಲೆನೋವೇ ಇಲ್ಲ. ಲಾಗ್ ಸ್ಕೇಲ್ ಚಾರ್ಟ್‌ನಲ್ಲಿ 1,00,000 ಅಂತ ನಮ್ಮ ರೀತಿ ಅಲ್ಪವಿರಾಮ ಬೇಕಿದ್ದರೆ ನಂಬರ್ಸ್ ಟ್ಯಾಬ್‌ನಲ್ಲಿ ಸೋರ್ಸ್ ಫಾರ್ಮ್ಯಾಟ್ ಟಿಕ್ ತೆಗೆದು #,##,##0 ಅಂತ ಕೊಡಿ.

ತಾರೀಕಿನ ಗೋಜಲಿಗೆ ಕಾರಣ ಬಹುಶಃ ಶೀಟ್‌ನಲ್ಲೇ ಇದೆ. ತಾರೀಕುಗಳು ಸೆಲ್‌ನ ಎಡಕ್ಕೆ ಅಂಟಿಕೊಂಡಿವೆಯಾ? ಹಾಗಿದ್ದರೆ ಕ್ಯಾಲ್ಕ್ ಅವನ್ನು ಬರೀ ಅಕ್ಷರ ಅಂತ ಓದಿದೆ. ಅದು ಸಿಎಸ್‌ವಿ ಫೈಲ್ (ಅಲ್ಪವಿರಾಮದಿಂದ ಬೇರ್ಪಡಿಸಿದ ಬರೀ ಟೆಕ್ಸ್ಟ್) ಆಗಿದ್ದರೆ ಮತ್ತೆ ತೆರೆಯಿರಿ. ಟೆಕ್ಸ್ಟ್ ಇಂಪೋರ್ಟ್ ಕಿಟಕಿಯಲ್ಲಿ ಆ ಕಾಲಂ ಒತ್ತಿ, ದಿನ-ತಿಂಗಳು-ವರ್ಷ ಕ್ರಮದ ಡೇಟ್ ಆರಿಸಿ. ಆಮೇಲೆ ಎಕ್ಸ್ ಆಕ್ಸಿಸ್‌ನ ಸ್ಕೇಲ್ ಟ್ಯಾಬ್‌ನಲ್ಲಿ ಟೈಪ್ ಡೇಟ್ ಮಾಡಿ, ಮೇಜರ್ ಇಂಟರ್ವಲ್ 1 ತಿಂಗಳು. ಹನ್ನೆರಡು ಹೆಸರು ಆರಾಮಾಗಿ ಕೂರುತ್ತವೆ. ಇನ್ನೊಂದು ಲಾಭ: ಅಂಕಿ ಸಿಗದ ದಿನಗಳ ಜಾಗ ಖಾಲಿ ಉಳಿಯುತ್ತದೆ. ಟೆಕ್ಸ್ಟ್ ಆಗಿದ್ದಾಗ ಆ ದಿನಗಳೇ ಇರಲಿಲ್ಲವೇನೋ ಅನ್ನುವ ಹಾಗೆ ಅಕ್ಕಪಕ್ಕದವು ಸೇರಿಕೊಳ್ಳುತ್ತವೆ.

ಕೊನೆಯದು ಕನ್ನಡ ಅಕ್ಷರ. ಫಾಂಟ್ ಟ್ಯಾಬ್‌ನಲ್ಲಿ ಮೊದಲು ಕಾಣುವುದು ವೆಸ್ಟರ್ನ್ ಫಾಂಟ್. ಅದರ ಗಾತ್ರ ಬದಲಿಸಿದರೆ ಇಂಗ್ಲಿಷಿಗೆ ಮಾತ್ರ ತಾಗುತ್ತದೆ. ಕನ್ನಡಕ್ಕೆ ಅಲ್ಲೇ ಇರುವ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಭಾಗ ನೋಡಿ. ಆ ಭಾಗ ಕಾಣದಿದ್ದರೆ ಟೂಲ್ಸ್, ಆಪ್ಷನ್ಸ್, ಲ್ಯಾಂಗ್ವೇಜಸ್ ಒಳಗೆ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಟಿಕ್ ಮಾಡಿ ಬನ್ನಿ. ನಾನು ನೋಟೊ ಸ್ಯಾನ್ಸ್ ಕನ್ನಡ ಬಳಸುತ್ತೇನೆ, ಫೋನಿನಲ್ಲಿ ನೋಡಿದರೂ ಒತ್ತಕ್ಷರ ಚೆನ್ನಾಗಿ ಕಾಣುತ್ತದೆ.